ರಾತ್ರಿ ಕೇಳಬಾರದ ಪ್ರಶ್ನೆ, ಹಗಲು ಕೇಳುವ ಪ್ರಶ್ನೆ

ಸಂಜೆ ಆರೂವರೆಗೆ ನಮ್ಮ ಆಫೀಸಿನಲ್ಲಿ ಎಲ್ಲರೂ "ಗುಡ್ ಮಾರ್ನಿಂಗ್" ಅನ್ನುತ್ತಾರೆ. ಕೆಳಗೆ ಬೀದಿಯಲ್ಲಿ ಪಾನಿಪುರಿ ಗಾಡಿಯವನು ಅಂಗಡಿ ತೆರೆಯುತ್ತಿರುತ್ತಾನೆ, ಎದುರಿನ ಗುಡಿಯಲ್ಲಿ ಮಂಗಳಾರತಿಯ ಗಂಟೆ. ನಮ್ಮ ಮೂರನೇ ಮಹಡಿಯಲ್ಲಿ ಮಾತ್ರ ಬೆಳಗಾಗಿರುತ್ತದೆ. ಯಾಕೆಂದರೆ ಆಗ ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ ಒಂಬತ್ತು. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನಮ್ಮ ಬೆಳಗು ಏಳೂವರೆಗೆ ಜಾರುತ್ತದೆ, ಮಾರ್ಚಿನ ಎರಡನೇ ಭಾನುವಾರದಿಂದ ಮತ್ತೆ ಆರೂವರೆ. ನಮ್ಮ ಕ್ಯಾಬ್ ಡ್ರೈವರಿಗೂ ಇದು ಬಾಯಿಪಾಠ.

ನಾನು ಇಲ್ಲಿ ಸಾಫ್ಟ್‌ವೇರ್ ಬರೆಯುವವನು. ನಾನು ಬರೆದದ್ದನ್ನು ಬಳಸುವವರು ಪಕ್ಕದ ಸಾಲಿನಲ್ಲೇ ಕೂರುವ ಹನ್ನೆರಡು ಜನ. ಅವರಿಗೆ ವರ್ಚುವಲ್ ಅಸಿಸ್ಟೆಂಟ್ ಅಂತ ಹೆಸರು, ಚಿಕ್ಕದಾಗಿ ವಿಎ. ಅಮೆರಿಕದ ರಿಯಲ್ ಎಸ್ಟೇಟ್ ಏಜೆಂಟರ ಗುಮಾಸ್ತಿಕೆಯನ್ನು ಬೆಂಗಳೂರಿನಲ್ಲಿ ಕೂತು ಮಾಡುವುದು ಇವರ ಕೆಲಸ. ಊರಿಗೆ ಹೋದಾಗ ಸೋದರಮಾವ ಕೇಳಿದರು, "ಅಂದ್ರೆ ನೀವು ಅಮೆರಿಕದಲ್ಲಿ ಸೈಟು ಮಾರ್ತೀರೇನೋ?" ಇಲ್ಲ ಮಾವ, ಮಾರುವ ಹಾಗೇ ಇಲ್ಲ. ಅಲ್ಲಿ ಮನೆ ಮಾರಿಸಲು ಆಯಾ ರಾಜ್ಯದ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದ ನಮ್ಮವರು ಬೆಲೆ ಚೌಕಾಸಿ ಮಾಡುವಂತಿಲ್ಲ, "ಈ ಮನೆಗೆ ಇಷ್ಟು ಕೊಡಬಹುದು" ಅಂತ ಸಲಹೆ ಕೊಡುವಂತೆಯೂ ಇಲ್ಲ. ಉಳಿದದ್ದರಲ್ಲಿ ಬಹಳಷ್ಟು ಮಾಡಬಹುದು. ಆ ಉಳಿದದ್ದು ಎಷ್ಟು ಅಂತ ಒಂದು ರಾತ್ರಿ ಇವರ ಪಕ್ಕ ಕೂತರೆ ಗೊತ್ತಾಗುತ್ತದೆ.

ಮೊದಲ ಗಂಟೆ ಇನ್‌ಬಾಕ್ಸಿಗೆ. ಝಿಲೋದಂಥ ಸೈಟುಗಳಿಂದ, ಫೇಸ್‌ಬುಕ್ ಜಾಹೀರಾತುಗಳಿಂದ ಬಂದ ವಿಚಾರಣೆಗಳು ಗುಡ್ಡೆ ಬಿದ್ದಿರುತ್ತವೆ. ಇವಕ್ಕೆ ಲೀಡ್ ಅಂತಾರೆ. ಯಾರು ನಿಜಕ್ಕೂ ಕೊಳ್ಳುವವರು, ಯಾರಿಗೆ ಬ್ಯಾಂಕು ಸಾಲ ಕೊಡಲು ಒಪ್ಪಿದೆ, ಯಾರು ಸುಮ್ಮನೆ ಫೋಟೋ ನೋಡಿ ಸಂತೋಷಪಡುವವರು ಅಂತ ವಿಂಗಡಿಸಬೇಕು. ಆಮೇಲೆ ಮನೆ ನೋಡಲು ಸಮಯ ಗೊತ್ತುಮಾಡುವುದು. ಇದು ಮೊದಲು ಸಲೀಸಾಗಿತ್ತು. ಕಮಿಷನ್ ಮೊಕದ್ದಮೆಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 41.8 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್ 17ರಿಂದ ಹೊಸ ನಿಯಮ ಬಂತು: ಕೊಳ್ಳುವವನು ಏಜೆಂಟನ ಜೊತೆ ಲಿಖಿತ ಒಪ್ಪಂದಕ್ಕೆ ಸಹಿ ಹಾಕದೆ ಮನೆ ತೋರಿಸುವಂತಿಲ್ಲ. ಹಾಗಾಗಿ ಸಹಿ ಬಂತಾ ಅಂತ ನೋಡುವುದು, ಬಾರದಿದ್ದರೆ ನಯವಾಗಿ ನೆನಪಿಸುವುದು ಇನ್ನೊಂದು ಕೆಲಸ.

ನಡುವೆ ಏಜೆಂಟ್ ಮೆಸೇಜು ಮಾಡುತ್ತಾನೆ, "ಕಾಂಪ್ಸ್ ಬೇಕು". ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮಾರಾಟವಾದ, ಹೆಚ್ಚುಕಮ್ಮಿ ಅಷ್ಟೇ ಚದರಡಿಯ ಮನೆಗಳ ಬೆಲೆಪಟ್ಟಿ ಮಾಡಿ ಕಳಿಸಬೇಕು. ಪಟ್ಟಿ ನಮ್ಮದು, ಬೆಲೆ ಹೇಳುವುದು ಅವನದು. ಎಲ್ಲಕ್ಕಿಂತ ತಲೆನೋವಿನದು ತಾರೀಖುಗಳು. ಕರಾರಾದ ಮೇಲೆ ಮುಂಗಡ ಹಣ ಇಂಥ ದಿನದೊಳಗೆ, ಮನೆಯ ತಪಾಸಣೆ ಇಂಥ ದಿನದೊಳಗೆ, ಬ್ಯಾಂಕಿನ ಮೌಲ್ಯಮಾಪನ, ಸಾಲದ ಅಂತಿಮ ಒಪ್ಪಿಗೆ, ಕ್ಲೋಸಿಂಗ್. ಒಂದು ತಾರೀಖು ತಪ್ಪಿದರೆ ಯಾರದೋ ಮುಂಗಡ ಹಣ ಮುಳುಗಬಹುದು. ಸಾವಿರಾರು ಮೈಲಿ ಆಚೆ ಇರುವವರ ಜೀವಮಾನದ ದೊಡ್ಡ ಖರೀದಿಯ ಕ್ಯಾಲೆಂಡರ್, ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತ ಹುಡುಗಿಯ ಕೈಯಲ್ಲಿರುತ್ತದೆ. "ಇದೇನು ಡಾಟಾ ಎಂಟ್ರಿ ತಾನೇ" ಅನ್ನುವ ನನ್ನಂಥ ಇಂಜಿನಿಯರುಗಳು ಒಂದು ವಾರ ಇದನ್ನು ಮಾಡಿ ನೋಡಬೇಕು :)

ಇಷ್ಟು ಪೀಠಿಕೆ. ನಾನು ಹೇಳಬೇಕೆಂದಿರುವುದು ಇನ್ನೊಂದು ಕೆಲಸದ ಬಗ್ಗೆ: ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಯ ವಿವರಣೆ ಬರೆಯುವುದು.

ಈಗೀಗ ಮೊದಲ ಕರಡನ್ನು ಎಐ ಬರೆದುಕೊಡುತ್ತದೆ. ಆದರೆ ಅದರ ಒಂದೊಂದು ಪದವನ್ನೂ ನಮ್ಮವರು ಸೋಸುತ್ತಾರೆ. ಸೋಸಲು ಒಂದು ಜರಡಿ ಬರೆದುಕೊಟ್ಟವನು ನಾನೇ. "ಕ್ರಿಶ್ಚಿಯನ್ ಕುಟುಂಬಕ್ಕೆ", "ಮಕ್ಕಳಿರಬಾರದು", "ಗಟ್ಟಿಮುಟ್ಟಾದವರಿಗೆ" ಅಂತೆಲ್ಲಾ ಬಂದರೆ ಕೆಂಪು ಗೆರೆ ಬೀಳುತ್ತದೆ. "ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಮನೆ" ಅಂದರೂ ಹಳದಿ ಗೆರೆ, ಬರೆಯದಿರುವುದೇ ಕ್ಷೇಮ ಅಂತ. ತಂಡದ ಸೂತ್ರ ಒಂದೇ ಸಾಲಿನದು: ಮನೆ ಹೇಗಿದೆ ಅಂತ ಬರಿ, ಯಾರು ಇರಬೇಕು ಅಂತ ಬರೀಬೇಡ.

ಕೊಳ್ಳುವವರು ಚಾಟ್‌ನಲ್ಲಿ ಕೇಳುತ್ತಾರೆ, "ಆ ಏರಿಯಾ ಹೇಗೆ? ಎಂಥ ಜನ ಇದಾರೆ ಅಲ್ಲಿ?" ಉತ್ತರಿಸುವಂತಿಲ್ಲ. ಅಪರಾಧದ ಅಂಕಿಅಂಶ ಪೊಲೀಸ್ ಇಲಾಖೆಯ ಸೈಟಿನಲ್ಲಿದೆ, ಶಾಲೆಯ ಮಾಹಿತಿ ಶಾಲಾ ಜಿಲ್ಲೆಯ ಸೈಟಿನಲ್ಲಿದೆ, ನೀವೇ ನೋಡಿ ತೀರ್ಮಾನಿಸಿ ಅಂತ ಸಿದ್ಧ ಉತ್ತರ ಅಂಟಿಸಬೇಕು. ಜನರ ಬಣ್ಣ, ಧರ್ಮ ನೋಡಿ ಒಂದು ಬಡಾವಣೆಯ ಕಡೆಗೆ ತಳ್ಳುವುದು, ಇನ್ನೊಂದರಿಂದ ದೂರವಿಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಅದಕ್ಕೆ "ಸ್ಟೀರಿಂಗ್" ಅಂತಾರೆ. ಫೇಸ್‌ಬುಕ್ಕಿನಲ್ಲಿ ಅಲ್ಲಿನ ಮನೆಯ ಜಾಹೀರಾತು ಹಾಕುವಾಗಲೂ ಅಷ್ಟೇ. 2019ರ ರಾಜಿಯ ನಂತರ ವಯಸ್ಸು, ಲಿಂಗ, ಪಿನ್‌ಕೋಡು ನೋಡಿ ಗುರಿಯಿಡುವ ಸೌಲಭ್ಯವನ್ನು ಅಂಥ ಜಾಹೀರಾತುಗಳಿಗೆ ತೆಗೆದುಹಾಕಿದರು.

ಇದೆಲ್ಲದರ ಬೇರು ಫೇರ್ ಹೌಸಿಂಗ್ ಆಕ್ಟ್. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತ್ತು, ಸಾಲ ಕೊಟ್ಟರೆ ಅಪಾಯ ಅಂತ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದ ನಂತರ, ಏಪ್ರಿಲ್ 11ಕ್ಕೆ, ಅಧ್ಯಕ್ಷ ಜಾನ್ಸನ್ ಈ ಕಾಯ್ದೆಗೆ ಸಹಿ ಹಾಕಿದರು. ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವಂತಿಲ್ಲ. 1974ರಲ್ಲಿ ಲಿಂಗ ಸೇರಿತು, 1988ರಲ್ಲಿ ಅಂಗವಿಕಲರು ಮತ್ತು ಮಕ್ಕಳಿರುವ ಕುಟುಂಬಗಳು. ನಮ್ಮಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದ ಪಾಠವೇ ಇದು, ಪರೀಕ್ಷೆ ಕೂಡ ಇರುತ್ತದೆ.

ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯ ಕಥೆ ಈಗ.

ನಮ್ಮ ವಿಎಗಳಿಗೆಲ್ಲಾ ಒಂದೊಂದು ಫೋನ್ ಹೆಸರು ಇದೆ. ನಾಲ್ಕಕ್ಷರಕ್ಕಿಂತ ಉದ್ದದ ಹೆಸರಿನವರೆಲ್ಲಾ ರಾತ್ರಿ ಎರಡಕ್ಷರದ ಇನ್ನೇನೋ ಆಗುತ್ತಾರೆ. ಈಕೆಗೆ ಮಾತ್ರ ಅದು ಬೇಕಾಗಲಿಲ್ಲ. ಬೈಬಲ್ಲಿನವರಿಗೂ ಗೊತ್ತಿರುವ, ಮುಸ್ಲಿಮರ ಮನೆಗಳಲ್ಲೂ ಇಡುವ ಪುಟ್ಟ ಹೆಸರು ಆಕೆಯದು. ದಾವಣಗೆರೆಯವಳು. ಅಪ್ಪ ಅಮ್ಮ ಇಟ್ಟ ಹೆಸರಿನಲ್ಲೇ ಅಮೆರಿಕದವರ ಜೊತೆ ಮಾತಾಡುತ್ತಾಳೆ, ಯಾರೂ ಎರಡನೇ ಸಲ "ಏನಂದಿರಿ?" ಅನ್ನುವುದಿಲ್ಲ.

ಕಳೆದ ವರ್ಷ ಆಕೆ ಇದ್ದ ಪಿಜಿ ಮುಚ್ಚಿತು. ತಂಗಿಯೂ ಓದಲು ಬೆಂಗಳೂರಿಗೆ ಬರುವವಳಿದ್ದಳು, ಹಾಗಾಗಿ ಒಂದು ಸಣ್ಣ ಮನೆ ಹುಡುಕತೊಡಗಿದಳು. ರಾತ್ರಿ ಶಿಫ್ಟು, ಹಗಲು ಬ್ರೋಕರುಗಳ ಹಿಂದೆ. ಅಭ್ಯಾಸಬಲ, ಆಫೀಸಿನ ಲೀಡ್ ಶೀಟಿನಂತೆಯೇ ಒಂದು ಶೀಟು ಮಾಡಿಕೊಂಡಿದ್ದಳು. ಏರಿಯಾ, ಬಾಡಿಗೆ, ಅಡ್ವಾನ್ಸು, ಸ್ಟೇಟಸ್. ಫೋನಿನಲ್ಲಿ ಮಾತು ಹೀಗೆ ಶುರುವಾಗುತ್ತಿತ್ತಂತೆ: "ಇದೆ ಮೇಡಂ, ಟೂ ಬಿಎಚ್‌ಕೆ, ಕಾವೇರಿ ಬೋರ್ ಎರಡೂ ಇದೆ, ಸಂಜೆ ಬನ್ನಿ. ವೆಜ್ ತಾನೇ? ಹೆಸರೇನಂದ್ರಿ?" ಹೆಸರು ಹೇಳಿದ ಮೇಲೆ ಒಂದು ಸಣ್ಣ ಮೌನ. "ಓನರ್ ಹತ್ರ ಕೇಳಿ ಹೇಳ್ತೀನಿ ಮೇಡಂ." ಆ ಫೋನು ಮತ್ತೆ ಬರುವುದಿಲ್ಲ. ಹದಿನೇಳು ಸಾಲಿನ ಶೀಟಿನಲ್ಲಿ ಹನ್ನೊಂದು ಸಾಲಿಗೆ ಇದೇ ಸ್ಟೇಟಸ್. ಬರೆದು ಬರೆದು ಬೇಜಾರಾಗಿ ಚುಟುಕು ಮಾಡಿಕೊಂಡಿದ್ದಳು, "ಓ.ಕೇ.ಹೇ." ಅಂತ.

ಒಂದು ಮನೆಯಲ್ಲಿ ಮಾತ್ರ ಓನರ್ ಆಂಟಿಗೆ ಈಕೆ ಇಷ್ಟವಾದಳು. ಕೂರಿಸಿ ಕಾಫಿ ಕೊಟ್ಟರು. ಈಕೆ, "ಆಂಟಿ, ಮನೇಲಿ ಮಾಂಸ ಬೇಯಿಸಲ್ಲ ಅಂತ ಅಗ್ರಿಮೆಂಟಿನಲ್ಲೇ ಬರೆದುಕೊಡ್ತೀನಿ" ಅಂದಳು. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಒಳ್ಳೇ ಹುಡುಗಿನೇ ಕಣಮ್ಮ. ಅಕ್ಕಪಕ್ಕದವರು ಏನಂತಾರೆ ಹೇಳು?" ಅಂದರಂತೆ.

ಅವತ್ತು ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲಾ ನಗುನಗುತ್ತಲೇ ಹೇಳಿ, ನನ್ನ ಕಡೆ ತಿರುಗಿ ಕೇಳಿದಳು, "ನಿನ್ನ ಜರಡಿಗೆ ಕನ್ನಡ ವರ್ಷನ್ ಯಾವಾಗ ಮಾಡ್ತೀಯಾ?"

ನಾನೂ ನಕ್ಕೆ. ಆದರೆ ಬೆಳಗಿನ ಜಾವ ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಯಾಕೆಂದರೆ ನಾನು ಮಲಗಿದ್ದ ಮನೆ ನನಗೆ ಸಿಕ್ಕ ಬಗೆ ನೆನಪಾಯಿತು. ಓನರ್ ಅಂಕಲ್ ಮೊದಲು ಊರು ಕೇಳಿದರು, ಆಮೇಲೆ "ಅಲ್ಲಿ ಯಾರ ಪೈಕಿ?" ಅಂದರು. ನಾನು ಹೇಳಿದೆ. ಅವರ ಮುಖ ಅರಳಿತು, "ಹಾಗಾದ್ರೆ ನಮ್ಮೋರೇ" ಅಂದು ಅಡ್ವಾನ್ಸಿನಲ್ಲಿ ಇಪ್ಪತ್ತು ಸಾವಿರ ಬಿಟ್ಟರು. ಇದನ್ನು ನಾನು ಸ್ನೇಹಿತರಿಗೆಲ್ಲಾ ನನ್ನ ಚೌಕಾಸಿಯ ಜಾಣತನ ಅಂತ ಹೇಳಿಕೊಂಡು ತಿರುಗಿದ್ದೆ. ಆ ಇಪ್ಪತ್ತು ಸಾವಿರಕ್ಕೂ ಆಕೆಯ ಹನ್ನೊಂದು "ಓ.ಕೇ.ಹೇ."ಗಳಿಗೂ ಏನು ಸಂಬಂಧ ಅಂತ ಅವತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

"ನನ್ನ ಮನೆ, ನನ್ನ ಇಷ್ಟ" ಅನ್ನುತ್ತೀರಿ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಯಾಕೆಂದರೆ ಅಮೆರಿಕದ ಕಾಯ್ದೆಯೇ ಪೂರ್ತಿ ತಳ್ಳಿಹಾಕಿಲ್ಲ. ಮಾಲೀಕ ತಾನೂ ಅದೇ ಕಟ್ಟಡದಲ್ಲಿದ್ದು, ಒಟ್ಟು ನಾಲ್ಕು ಮನೆಗಳಿಗಿಂತ ಹೆಚ್ಚಿಲ್ಲದಿದ್ದರೆ ಆ ಕಾಯ್ದೆಯ ಬಹುಪಾಲು ಅವನಿಗೆ ಅನ್ವಯಿಸುವುದಿಲ್ಲ. ಕೆಳಗೆ ಓನರ್, ಮೇಲೆ ಬಾಡಿಗೆಯವರು ಅನ್ನುವ ನಮ್ಮ ಬೆಂಗಳೂರಿನ ಮನೆಗಳೆಲ್ಲಾ ಇದೇ ಲೆಕ್ಕ. ಆದರೆ ಅಂಥವನೂ ಜಾಹೀರಾತಿನಲ್ಲಿ "ಇಂಥವರಿಗೆ ಮಾತ್ರ" ಅಂತ ಬರೆಯುವಂತಿಲ್ಲ. ಮನಸ್ಸಿನೊಳಗೆ ಏನಾದರೂ ಇಟ್ಟುಕೋ, ಗೇಟಿನ ಮೇಲೆ ನೇತುಹಾಕಬೇಡ ಅನ್ನುವುದು ಅದರ ಅರ್ಥ.

ಅಮೆರಿಕ ಸ್ವರ್ಗ ಅಂತಲೂ ನಾನು ಹೇಳುತ್ತಿಲ್ಲ. 2019ರಲ್ಲಿ ನ್ಯೂಸ್‌ಡೇ ಪತ್ರಿಕೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಏಜೆಂಟರ ಬಳಿಗೆ ಒಂದೇ ಬಗೆಯ ಹಣಕಾಸಿರುವ ಬಿಳಿಯ ಮತ್ತು ಬಿಳಿಯರಲ್ಲದ ಗಿರಾಕಿಗಳನ್ನು ಗುಟ್ಟಾಗಿ ಕಳಿಸಿ ನೋಡಿತು. ಕಪ್ಪು ಗಿರಾಕಿಗಳ ಪರೀಕ್ಷೆಗಳಲ್ಲಿ ಶೇ. 49ರಷ್ಟು ಸಲ ಭೇದಭಾವದ ಕುರುಹು ಕಂಡಿತು. ಕಾಯ್ದೆಗೆ ಐವತ್ತು ವರ್ಷ ತುಂಬಿದ ಮೇಲಿನ ಮಾತಿದು. ಆದರೆ ಕಾಯ್ದೆ ಇದ್ದುದರಿಂದಲೇ ಅದನ್ನು ತಪ್ಪು ಅಂತ ಅಳೆಯಲು ಸಾಧ್ಯವಾಯಿತು.

ನಮ್ಮಲ್ಲಿ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಸ್ಪೃಶ್ಯತೆಯ ಕಾರಣಕ್ಕೆ ಮನೆಯಲ್ಲಿ ವಾಸಿಸಲು ತಡೆಯೊಡ್ಡುವುದನ್ನು ಅಪರಾಧ ಅನ್ನುತ್ತದೆ. ಆದರೆ "ಓನರ್ ಹತ್ರ ಕೇಳಿ ಹೇಳ್ತೀನಿ" ಅನ್ನುವುದರಲ್ಲಿ ಯಾವ ಅಸ್ಪೃಶ್ಯತೆಯನ್ನು ಹೇಗೆ ಸಾಬೀತು ಮಾಡುತ್ತೀರಿ? 2005ರಲ್ಲಿ ಸುಪ್ರೀಂ ಕೋರ್ಟು, ಅಹಮದಾಬಾದಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿ ತನ್ನವರಿಗಷ್ಟೇ ಸದಸ್ಯತ್ವ ಕೊಡುವ ಬೈಲಾವನ್ನು ಎತ್ತಿಹಿಡಿಯಿತು. ನಮ್ಮ ಏಜೆಂಟರಿಗೂ 2016ರ ರೇರಾ ಕಾಯ್ದೆ ಬಂದಿದೆ, ಬಿಲ್ಡರನ ಹೊಸ ಫ್ಲಾಟು ಮಾರಿಸುವವರು ನೋಂದಣಿ ಮಾಡಿಸಬೇಕು. ಬಾಡಿಗೆಗೆ ಮನೆ ತೋರಿಸುವಾಗ ಏನು ಕೇಳಬಾರದು ಅಂತ ಅದೂ ಹೇಳುವುದಿಲ್ಲ.

ಅಡುಗೆಯ ಬಗ್ಗೆ, ಗಲಾಟೆಯ ಬಗ್ಗೆ, ಬಾಡಿಗೆ ಕಟ್ಟುವ ತಾರೀಖಿನ ಬಗ್ಗೆ ಎಷ್ಟು ಬೇಕಾದರೂ ಕರಾರು ಹಾಕಿ. ಬಾಡಿಗೆಯವನು ಏನು ಮಾಡುತ್ತಾನೆ ಅನ್ನುವುದು ನಿಮ್ಮ ವಿಚಾರವೇ. ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದ ಅನ್ನುವುದು ನಿಮ್ಮ ವಿಚಾರವಲ್ಲ. ನಾನು ಹೇಳುವುದು ಇಷ್ಟೇ. ಪರದೇಶದ ಮನೆಗಳಿಗಾಗಿ ನಮ್ಮ ಹುಡುಗರು ಇದನ್ನು ರಾತ್ರಿಯಿಡೀ ತಪ್ಪಿಲ್ಲದೆ ಪಾಲಿಸುತ್ತಾರೆ. ಅಂದಮೇಲೆ ಇದು ನಮಗೆ ಬಾರದ ವಿದ್ಯೆಯೇನೂ ಅಲ್ಲ.

ಆಕೆಗೆ ಕೊನೆಗೆ ಮನೆ ಸಿಕ್ಕಿತು, ಆಫೀಸಿನಿಂದ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ. ಬೆಳಗಿನ ಜಾವದ ಕ್ಯಾಬಿನಲ್ಲಿ ಕೊನೆಗೆ ಇಳಿಯುವವಳು ಈಗ ಅವಳೇ.

ಹೋದ ತಿಂಗಳು ತಿಪಟೂರಿನಿಂದ ಅಮ್ಮ ಫೋನು ಮಾಡಿದಳು. "ಮೇಲಿನ ಮನೆ ಖಾಲಿಯಾಯ್ತು ಕಣೋ. ಗೇಟಿಗೆ ಹಾಕೋಕೆ ಬೋರ್ಡು ಕಂಪ್ಯೂಟರಲ್ಲಿ ಚೆನ್ನಾಗಿ ಬರೆದು ಕಳ್ಸು." ಬರೆದು ಕಳಿಸಿದೆ: ಎರಡು ರೂಮು, ಒಂದು ಹಾಲು, ಸೋಲಾರು, ಬೋರಿನ ನೀರು, ಬೈಕಿಗೆ ಜಾಗ, ಬಾಡಿಗೆ, ಅಡ್ವಾನ್ಸು, ಫೋನ್ ನಂಬರು. ಹತ್ತು ನಿಮಿಷಕ್ಕೆ ಮತ್ತೆ ಫೋನು.

"ಒಂದು ಲೈನು ಬಿಟ್ಟಿದೀಯಲ್ಲೋ. ಸಸ್ಯಾಹಾರಿ ಸಣ್ಣ ಕುಟುಂಬಕ್ಕೆ ಮಾತ್ರ ಅಂತ ಇರ್ತಿತ್ತಲ್ಲ."

ಬೇಕಂತಲೇ ಬಿಟ್ಟೆ ಅಂದೆ. ಆ ಹುಡುಗಿಯ ಕಥೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪಾಪ, ಮನೆ ಸಿಕ್ತಾ ಅದಕ್ಕೆ?"

"ಸಿಕ್ತು ಅಮ್ಮ. ದೂರ."

"ಹೂಂ. ಬೋರ್ಡು ಹಾಗೇ ಇರ್ಲಿ ಬಿಡು. ಯಾರಿಗೆ ಕೊಡೋದು ಅಂತ ಆಮೇಲೆ ಅಪ್ಪ ನೋಡ್ಕೋತಾರೆ."

ಸದ್ಯಕ್ಕೆ ನಮ್ಮ ಮನೆಯ ಗೇಟಿನ ಬೋರ್ಡು ಮಾತ್ರ ಬದಲಾಗಿದೆ. ಅಪ್ಪನ ಹತ್ತಿರ ಮಾತಾಡುವುದು ಬಾಕಿ ಇದೆ, ಈ ಹಬ್ಬಕ್ಕೆ ಊರಿಗೆ ಹೋದಾಗ ಮಾತಾಡುತ್ತೇನೆ. ನಿಮ್ಮ ಮನೆಯ ಬೋರ್ಡಿನಲ್ಲಿ ಏನು ಬರೆದಿದೆ, ಒಮ್ಮೆ ಗೇಟಿನ ಆಚೆ ನಿಂತು ಓದಿ ನೋಡುತ್ತೀರಾ?