ಅನಿಮೇಶನ್ ಅಷ್ಟ ನೋಡಿದಿ, ಮಾತು ಯಾವಾಗ ಕೇಳತಿ?

(1/7)
ಅಕ್ಟೋಬರ್ ಸೀಸನ್ ಶುರುವಾಗಿ ಒಂದು ತಿಂಗಳಾತು. ಕ್ಲಾಸ್ ಗ್ರೂಪಿನಾಗ, ನಿಮ್ಮ ಸ್ಟೋರಿಗಳಾಗ ಬಂದ "ಫಸ್ಟ್ ಇಂಪ್ರೆಶನ್" ಎಲ್ಲಾ ಕುಂತು ಓದಿದೆ. ಬೈಲಹೊಂಗಲದವ್ರು, ಕಿತ್ತೂರಿನವ್ರು, ಸವದತ್ತಿ, ರಾಮದುರ್ಗದ ಫಾಲೋವರ್ಸು, ಎಲ್ಲಾರೂ ಬರದದ್ದು ಒಂದ. ಅನಿಮೇಶನ್ ಬೆಂಕಿ. ಇಲ್ಲಾಂದ್ರ ಅನಿಮೇಶನ್ ಕಸ. ಮೂರನೇ ಮಾತ ಇಲ್ಲ.

ಒನ್ ಪಂಚ್ ಮ್ಯಾನ್ 3ನೇ ಸೀಸನ್: ಸ್ಲೈಡ್‌ಶೋ. ಮೈ ಹೀರೋ ಅಕಾಡೆಮಿಯಾ ಕೊನೇ ಸೀಸನ್: ಬೆಂಕಿ, ಬೆಂಕಿ, ಮತ್ತ ಮೂರು ಬೆಂಕಿ ಇಮೋಜಿ. ಸ್ಪೈ ಫ್ಯಾಮಿಲಿ 3ನೇ ಸೀಸನ್: ಕ್ಯೂಟ್.

ಇದಕ್ಕ ಇಂಪ್ರೆಶನ್ ಅನ್ನಾಕ ಬರೋದಿಲ್ಲ. ಕಿವಿಗೆ ಅರಳಿ ಇಟ್ಕೊಂಡು ಬಯಲಾಟ ನೋಡಿ ಬಂದು, "ವೇಷ ಚಲೋ ಇದ್ವು" ಅಂದಂಗ ಆತು. ಕಥಿ ಏನು, ಯಾರು ಯಾರಿಗೆ ಏನಂದ್ರು, ಯಾವ ಮಾತಿಗೆ ಯಾರ ಮುಖ ಸಣ್ಣದಾತು, ಒಬ್ಬರೂ ಬರೆದಿಲ್ಲ. ನನ್ನ ವಾದ ಇಷ್ಟ: ನಮಗ ಆ ಮಾತು ಮುಟ್ಟೇ ಇಲ್ಲ. ಮುಟ್ಟದ ಭಾಷೆಯಾಗ ಅವು ಓಡಿ ಹೋಗಾಕತ್ತಾವ, ನಾವು ಉಳಿದ ಚಿತ್ರಕ್ಕ ಮಾರ್ಕ್ಸ್ ಕೊಡಾಕತ್ತೀವಿ.

ಉದ್ದ ಐತಿ. ಸೇವ್ ಮಾಡಿ ನಿಧಾನಕ್ಕ ಓದ್ರಿ. ಬೈಯೋದಿದ್ರ ಏಳನೇದ್ದು ಓದಿದ ಮ್ಯಾಲ ಬೈರಿ.

(2/7)
ಮೊದಲು ಸೈತಾಮಾನ ಪಂಚಾಯ್ತಿ ಮುಗಿಸೋಣ.

2015ರ ಮೊದಲ ಸೀಸನ್ ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೋ. 2019ರ ಎರಡನೆಯದು ಜೆ.ಸಿ. ಸ್ಟಾಫ್ ಕೈಗೆ ಹೋಯಿತು. ಆರು ವರ್ಷ ಕಾಯಿಸಿ ಬಂದ ಮೂರನೆಯದೂ ಅವರದ್ದೇ. ಚಿತ್ರ ಓಡೋದಿಲ್ಲ, ನಿಂತಲ್ಲೇ ನಿಂತಿರತಾವ ಅನ್ನೋದು ಖರೇ. ಅವರ ಪರವಾಗಿ ವಕೀಲಿಕಿ ಮಾಡಾಕ ನಾ ಬಂದಿಲ್ಲ.

ಆದ್ರ ಅಕ್ಟೋಬರ್ 12ರ ಆ ಎಪಿಸೋಡಿನಾಗ ಬಹುಪಾಲು ಇದ್ದದ್ದು ಏನು? ಸಭೆ. ರಾಕ್ಷಸರ ಕೈಯಾಗ ಒಂದು ಹುಡುಗ ಒತ್ತೆ ಸಿಕ್ಕಾನ, ಬಿಡಿಸ್ಕೊಂಡು ಬರೋದು ಹೆಂಗ ಅಂತ ಹೀರೋಗಳು ಕೂಡ್ಯಾರ. ಅಷ್ಟೂ ಮಂದಿಗೆ ಅವರವರದ್ದ ಅಹಂಕಾರ. ನಮ್ಮ ಕಡೆ ಪಂಚಾಯ್ತಿ ಕಟ್ಟಿ ಮ್ಯಾಲ ಎಂಟು ಮಂದಿ ಹಿರೇರು ಕುಂತಂಗ. ಆ ಸಭೆ ಬಗ್ಗೆ ಯಾರ ಸ್ಟೋರಿಯಾಗೂ ಒಂದು ಸಾಲಿಲ್ಲ. ಯಾಕಂದ್ರ ಹೊಡೆದಾಟ ಬರೋ ತನಕ ಎಲ್ಲಾರೂ ಹತ್ತತ್ತು ಸೆಕೆಂಡ್ ಮುಂದ ಒತ್ತಿದ್ರಿ.

ಈ ಸೀರೀಸಿನ ಅರ್ಧ ನಗು ಮಾತಿನಾಗ ಐತಿ ಮಾರಾಯ್ರ. ಶುರುವಿನ ಸೀಸನ್ ನೆನಪು ಮಾಡ್ಕೋರಿ. ಜೀನೋಸ್ ತನ್ನ ಜೀವನಚರಿತ್ರೆ ಹೇಳಾಕ ಹತ್ತತಾನ, ಮುಗಿಯೋದ ಇಲ್ಲ. ಸೈತಾಮಾ ತಲಿಕೆಟ್ಟು "ಇಪ್ಪತ್ತು ಶಬ್ದದಾಗ ಹೇಳಿ ಮುಗಸು" ಅಂತ ಬೈತಾನ. ಆ ಭಾಷಣ ಪೂರ್ತಿ ತಿಳಿದವನಿಗೆ ಮಾತ್ರ ಈ ಬೈಗುಳಕ್ಕ ನಗು ಬರತೈತಿ. ಇಂಗ್ಲಿಷ್ ಸಾಲು ಟಪಟಪ ಓಡಿದ್ದಕ್ಕ ಬಿಟ್ಟು ಕುಂತವಗ ಅದು ಬರೇ ಗದ್ದಲ. ಅದಕ್ಕ ಹೊಡೆದಾಟದ ಕ್ಲಿಪ್ ಅಷ್ಟ ನೆನಪು ಉಳದೈತಿ, ಮೂರನೇ ಸೀಸನ್ನಿನಾಗ ಹೊಡೆದಾಟ ಕೆಟ್ಟ ಕೂಡಲೇ ನಿನಗ ಉಳಿದದ್ದು ಶೂನ್ಯ.

(3/7)
ಸ್ಪೈ ಫ್ಯಾಮಿಲಿ "ಕ್ಯೂಟ್" ಅಂದವ್ರು ಇಲ್ಲಿ ಬರ್ರಿ.

ಆನ್ಯಾ ಲಾಯ್ಡ್‌ನನ್ನು "ಚಿಚಿ", ಯೋರ್‌ಳನ್ನು "ಹಹ" ಎಂದು ಕರೆಯುತ್ತಾಳೆ. ಜಪಾನಿಯಲ್ಲಿ ಅವು ಹೊರಗಿನವರ ಮುಂದೆ ನಮ್ಮ ತಂದೆ, ನಮ್ಮ ತಾಯಿ ಎಂದು ಹೇಳುವಾಗಿನ ಶಬ್ದಗಳು. ಮನಿಯಾಗ ಸಣ್ಣ ಮಕ್ಕಳು ಹಂಗ ಕರಿಯೋದಿಲ್ಲ. ಇಂಗ್ಲಿಷಿನಾಗ ಅದು "ಪಪ್ಪಾ" ಆಗಿ ಸಪ್ಪಗಾತು. ಈಗ ಕನ್ನಡದಾಗ ಇಟ್ಟು ನೋಡ್ರಿ. ಅಷ್ಟುದ್ದ ಹುಡುಗಿ ಸೋಫಾದ ಹಿಂದಿಂದ ತಲಿ ಹೊರಗ ಹಾಕಿ "ತಂದೆ, ಎಲ್ಲಿಗೆ ಹೊಂಟಿ?" ಅಂತ ಕೇಳಿದ್ರ?

ನಕ್ಕರಲ್ಲ? ಇಂಗ್ಲಿಷಿಗೆ ಬಾರದ್ದು ನಮ್ಮ ಭಾಷೆಗೆ ಸೀದಾ ಬಂತು. ಮತ್ತ ಆಕಿಗೆ ಜೀವ ಅನ್ನೋದು ಪೀನಟ್ಸ್ ಅಲ್ಲ, ಶೇಂಗಾ. ಶೇಂಗಾ ಅಂದ ಕೂಡ್ಲೆ ಆಕಿ ನಮ್ಮ ಓಣಿಯವಳಾದ್ಲು.

ಜಪಾನಿಯಲ್ಲಿ "ನಾನು" ಎನ್ನಲು ಹಲವು ಶಬ್ದ, "ನೀನು" ಎನ್ನಲೂ ಹಲವು. ಯಾವುದನ್ನು ಆರಿಸಿದ ಎನ್ನುವುದರಲ್ಲೇ ಸೊಕ್ಕು, ಸಲಿಗೆ, ಭಯ ಎಲ್ಲ ಇರುತ್ತದೆ. ಇಂಗ್ಲಿಷಿನಾಗ ಎಲ್ಲಾದಕ್ಕೂ ಒಂದ "ಯೂ". ನಮ್ಮಲ್ಲಿ ನೀ, ನೀವು, ತಾವು ಐತಿ. ಬಾರಲೇ, ಬಾ, ಬರ್ರಿ ಐತಿ. ಬಾಕುಗೋ "ದೆಕು" ಅಂದಾಗ ಅದು ಅಡ್ಡಹೆಸರಲ್ಲ, ಯಾವ ಕೆಲಸಕ್ಕೂ ಬಾರದವ ಅಂತ ಸಣ್ಣಂದಿನಿಂದ ಹಚ್ಚಿದ ಬೈಗುಳ. ಉರಾರಾಕಾಗೆ ಅದೇ ಶಬ್ದದಾಗ "ಮಾಡಬಲ್ಲೆ" ಅನ್ನೋ ದನಿ ಕೇಳತೈತಿ. ಬೈಗುಳ ಹೆಸರಾತು, ಆ ಹೆಸರ ಹೀರೋನ ಹೆಸರಾತು. 2016ರಿಂದ ಎಂಟು ಸೀಸನ್ ಇದರ ಮ್ಯಾಲ ನಿಂತೈತಿ. ಕೊನೇ ಸೀಸನ್ನಿಗೆ ಬೆಂಕಿ ಹಚ್ಚಿದವರಾಗ ಎಷ್ಟು ಮಂದಿಗೆ ಇದು ಗೊತ್ತು?

ಸ್ಪೈ ಫ್ಯಾಮಿಲಿ ಈ ಸಲ ಲಾಯ್ಡ್‌ನ ಬಾಲ್ಯ ತೋರಿಸಿತು. ಯುದ್ಧದಾಗ ಊರು, ಮನಿ ಕಳಕೊಂಡ ಹುಡುಗ. ಅದನ್ನೂ ನಾವು ಕ್ಯೂಟ್ ಲಿಸ್ಟಿಗೆ ಹಾಕಿದ್ವಿ.

(4/7)
"ನಿಂಗ ಇಂಗ್ಲಿಷ್ ಬರೋದಿಲ್ಲ, ಅದು ನಿನ್ನ ಪ್ರಾಬ್ಲಂ." ನಿನ್ನೆ ಒಬ್ಬ ಡಿ.ಎಂ. ಮಾಡಿದ. ನಂದ ಬಿಡಪಾ, ನಾ ಪಾಸ್ ಮಾಡಿ ಓದತೀನಿ. ನನ್ನ ತಮ್ಮ ಎಂಟನೇ ಇಯತ್ತೆ, ಕನ್ನಡ ಮೀಡಿಯಂ. ಒಂದೊಂದು ಸಾಲಿಗೆ "ಅಕ್ಕಾ, ಏನಂದ?" ಅಂತಾನ. ನಾ ಹೇಳೋದ್ರಾಗ ಮುಂದಿನ ಎರಡು ಸಾಲು ಹೋಗಿರತಾವ. ಹತ್ತು ನಿಮಿಷ ಆದ ಮ್ಯಾಲ ಕೇಳೋದು ಬಿಟ್ಟು, ಸುಮ್ಮ ಚಿತ್ರ ನೋಡಕೋತ ಕುಂಡ್ರತಾನ. ಮುಗಿದ ಮ್ಯಾಲ ಹೆಂಗೈತಿ ಅಂದ್ರ, "ಫೈಟ್ ಚಲೋ ಐತಿ."

ಹುಡುಗ ದಡ್ಡಲ್ಲ. ಅದೇ ಕಥಿ ರಾತ್ರಿ ಕನ್ನಡದಾಗ ಹೇಳಿದ್ರ, ಆ ಸಭೆಯಾಗ ಯಾರು ಕಳ್ಳ ಅಂತ ನನಗಿಂತ ಮೊದಲು ಹಿಡೀತಾನ.

ಇನ್ನು "ಸಬ್ ನೋಡೋದ ಖರೇ ಅನಿಮೆ, ಡಬ್ ನೋಡೋರು ಮಂದಿನ ಅಲ್ಲ" ಅನ್ನೋ ಶಾಣ್ಯಾರು. ಒಪ್ಪಿದೆ, ಜಪಾನಿ ದನಿಗಳ ಮುಂದೆ ಯಾವ ದನಿಯೂ ಕಡಿಮೆಯೇ. ಹಂಗಿದ್ರ ಸಬ್ಬೇ ಕನ್ನಡದಾಗ ಕೇಳು! ದನಿ ಯಾರೂ ಕಸಗೊಳ್ಳೋದಿಲ್ಲ. ಕೆಳಗಿನ ಎರಡು ಸಾಲು ಇಂಗ್ಲಿಷ್ ಇದ್ರ "ಒರಿಜಿನಲ್", ಕನ್ನಡ ಇದ್ರ "ಡುಪ್ಲಿಕೇಟ್", ಇದು ಯಾವ ಲೆಕ್ಕ? ಎರಡೂ ಅನುವಾದ ಅಲ್ಲೇನು?

(5/7)
ಈಗ ರೊಕ್ಕದ ಮಾತು. ಬಿ.ಕಾಂ. ಓದಿದ್ದು ಇಲ್ಲೊಂದರ ಉಪಯೋಗಕ್ಕ ಬರಲಿ.

ಕ್ರಂಚಿರೋಲ್ ಭಾರತದಲ್ಲಿ ಹಿಂದಿ, ತಮಿಳು, ತೆಲುಗು ಡಬ್ ಕೊಡುತ್ತದೆ. ಸೆಪ್ಟೆಂಬರ್ 12ಕ್ಕೆ ಡೀಮನ್ ಸ್ಲೇಯರ್‌ನ ಇನ್ಫಿನಿಟಿ ಕ್ಯಾಸಲ್ ಥೇಟರಿಗೆ ಬಂದಾಗಲೂ ಜಪಾನಿ, ಇಂಗ್ಲಿಷ್ ಬಿಟ್ಟರೆ ಇವೇ ಮೂರು. ಕನ್ನಡ ಇಲ್ಲ.

"ಮಾರ್ಕೆಟ್ ಇಲ್ಲ" ಅಂತಾರ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ತಮಿಳು 6.9, ತೆಲುಗು 8.1. ಕಡಿಮಿ ಹೌದು. ಆದ್ರ 4.37 ಕೋಟಿ ಅಂದ್ರ ಇಲ್ಲ ಅಂತಲ್ಲ. ಮತ್ತ ಕ್ರಂಚಿರೋಲ್ 2021ರಿಂದ ಸೋನಿಯ ಮನೆತನ. ಅದೇ ಸೋನಿ 2023ರಲ್ಲಿ ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್ ಅನ್ನು ಕನ್ನಡದಲ್ಲೂ ಬಿಟ್ಟಿತು. ಅನಿಮೇಶನ್ ಪಿಚ್ಚರ್, ಕನ್ನಡದಾಗ, ಅವರ ಕೈಯಿಂದಲೇ. 2025ರ ಜುಲೈನಲ್ಲಿ ಹೊಂಬಾಳೆಯವರ ಮಹಾವತಾರ ನರಸಿಂಹ ಬಂತು. ಮನಿಮಂದಿಯೆಲ್ಲ ಕೂಡಿ ಕನ್ನಡದಾಗ ನೋಡಿ ಬಂದ್ರಿ, ಆವಾಗ ಯಾರಿಗೂ ಅನಿಮೇಶನ್ ಕನ್ನಡ ಮಾತಾಡಿದ್ದು ವಿಚಿತ್ರ ಅನಿಸಲಿಲ್ಲ.

ಖರೇ ಕಾರಣ ಬ್ಯಾರೆ ಐತಿ, ಅದು ನಮಗ ರುಚಿಸೋದಿಲ್ಲ. ಕಾಸ್ಟಿಂಗ್ ಪೇಪರಿನ ಭಾಷೆಯಾಗ ಹೇಳತೀನಿ. ಡಬ್ಬಿಂಗ್ ಫಿಕ್ಸೆಡ್ ಕಾಸ್ಟ್: ಒಬ್ಬ ನೋಡಲಿ, ಲಕ್ಷ ಮಂದಿ ನೋಡಲಿ, ಖರ್ಚು ಅಷ್ಟ. ಆ ಖರ್ಚು ಹಾಕಬೇಕಂದ್ರ ಹೊಸ ಗಿರಾಕಿ ಸಿಗಬೇಕು. ನೀ ಈಗಾಗ್ಲೇ ಹಿಂದಿ ಟ್ರ್ಯಾಕ್ ಹಚ್ಚಿ ನೋಡಾಕತ್ತಿ. ಕಂಪನಿ ಲೆಕ್ಕದಾಗ ನೀ ಹಿಂದಿ ಗಿರಾಕಿ. ಕನ್ನಡ ಕೊಟ್ರ ನೀ ಹೊಸದಾಗಿ ಸಿಗಂಗಿಲ್ಲ, ಮೊದಲ ಸಿಕ್ಕೀದಿ. ಇದ್ದ ಗಿರಾಕಿಗೆ ಮತ್ತೊಮ್ಮೆ ಯಾವ ಅಂಗಡಿಯವ ರೊಕ್ಕ ಸುರೀತಾನ?

ಅಕ್ಟೋಬರ್ 23ಕ್ಕ ಕಿತ್ತೂರು ಉತ್ಸವಕ್ಕ ಹೋಗಿ ಚನ್ನಮ್ಮನ ಜೋಡಿ ಸೆಲ್ಫಿ, ನವೆಂಬರ್ 1ಕ್ಕ ಕೆಂಪು-ಹಳದಿ ಶಲ್ಯ ಹಾಕಿ ಬೆಳಗಾವಿ ಮೆರವಣಿಗಿಯಾಗ ಡಿ.ಜೆ. ಮುಂದ ಕುಣಿತ. ಎರಡನೇ ತಾರೀಕು ರಾತ್ರಿ ಆ್ಯಪ್ ತಗದು ಆಡಿಯೋ: ಹಿಂದಿ. ಮೆರವಣಿಗಿ ಯಾವ ಸರ್ವರಿಗೂ ಕಾಣಂಗಿಲ್ಲ ದೋಸ್ತ, ಆಡಿಯೋ ಬಟನ್ ಕಾಣತೈತಿ.

(6/7)
ಸಣ್ಣ ಪೋಸ್ಟ್. ಹಿರೇರು "ಡಬ್ಬಿಂಗ್ ಅಂದ್ರ ಕನ್ನಡಕ್ಕ ದ್ರೋಹ" ಅಂತಾರ, ಅವರಿಗೆ ಉತ್ತರ.

1960ರ ದಶಕದಲ್ಲಿ ಆ ಹೋರಾಟಕ್ಕೆ ಅರ್ಥ ಇತ್ತು. ಕನ್ನಡ ಚಿತ್ರರಂಗ ಸಣ್ಣದು, ಸ್ಟುಡಿಯೋ ಬಹುಪಾಲು ಮದ್ರಾಸಿನಲ್ಲಿ. ಡಬ್ ಬಂದರೆ ಇಲ್ಲಿನವರಿಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಅದು ಕಾನೂನು ಆಗಿರಲಿಲ್ಲ, ಚಿತ್ರರಂಗದ ಸಂಘಟನೆಗಳು ನಡೆಸಿಕೊಂಡು ಬಂದ ಕಟ್ಟಳೆ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಎಂದು ದಂಡ ಹಾಕಿತು. ಹತ್ತು ವರ್ಷ ಆತು. ಬಾಗಲಾ ತೆರದೈತಿ. ಒಳಗ ಹೋಗವರ ಇಲ್ಲ.

ಮತ್ತ ಅವತ್ತಿನ ಭಯ ಏನಿತ್ತು? ಹೊರಗಿನ ಪಿಚ್ಚರ್ ಕನ್ನಡ ಮಾತಾಡಿದ್ರ ಕನ್ನಡದ ಪಿಚ್ಚರ್ ಸಾಯತಾವ ಅಂತ. ಇವತ್ತು ನನ್ನ ತಮ್ಮನ ಫೋನಿನಾಗ ಹೊರಗಿನದ್ದು ಎಲ್ಲಾ ಐತಿ, ಕನ್ನಡ ಅಷ್ಟ ಇಲ್ಲ. ಯಾರನ್ನ ಯಾರಿಂದ ಕಾಪಾಡಿದಂಗಾತು?

(7/7)
ಕೊನೇದ್ದು, ಎಲ್ಲಾರ ಬಾಯಾಗ ಇರೋದು: "ಕನ್ನಡದಾಗ ಕ್ರಿಂಜ್ ಅನಸತೈತಿ."

2009ರಲ್ಲಿ ಚಿಂಟು ಟಿವಿ ಬಂತು. ನಮ್ಮ ವಯಸ್ಸಿನವರು ಸಾಲಿ ಬಿಟ್ಟು ಬಂದು ಚಪಾತಿ ಸುರಳಿ ಹಿಡಕೊಂಡು ಅದರ ಮುಂದ ಕುಂತವ್ರು. ಕಾರ್ಟೂನ್ ಕನ್ನಡ ಮಾತಾಡತಿದ್ವು, ಆವಾಗ ಕ್ರಿಂಜ್ ಅನ್ನೋ ಶಬ್ದ ನಮ್ಮ ಹತ್ರ ಇರಲಿಲ್ಲ.

ಆದ್ರ ಈ ಮಾತಿನಾಗ ಸ್ವಲ್ಪ ಖರೇ ಐತಿ. ಡಬ್ಬಿನ ಕನ್ನಡ ಬಹಳ ಸಲ ಕನ್ನಡ ಪೇಪರಿನ ಉತ್ತರದಂಗ ಇರತೈತಿ. "ನೀನು ನನ್ನನ್ನು ಸೋಲಿಸಲಾರೆ" ಅಂತ ಜಗಳದಾಗ ಯಾರಂತಾರ? ನಮ್ಮ ಬಸ್ ಸ್ಟ್ಯಾಂಡಿನಾಗ ಜಗಳ ನೋಡ್ರಿ, "ಏನ್ ಕಿಸಿತೀಯೋ, ಬಾ" ಅಂತಾರ. ಕ್ರಿಂಜ್ ಇರೋದು ಕನ್ನಡದಾಗ ಅಲ್ಲ, ಯಾರೂ ಮಾತಾಡದ ಕನ್ನಡದಾಗ.

ಜುಲೈನಲ್ಲಿ ಬಂದ "ದಿ ಸಮರ್ ಹಿಕಾರು ಡೈಡ್" ನೋಡಿದವರು ಕೈ ಎತ್ರಿ. ಬೆಟ್ಟದ ನಡುವಿನ ಹಳ್ಳಿ, ಇಬ್ಬರು ಗೆಳೆಯರು. ಒಬ್ಬ ಸತ್ತಾನ, ಅವನ ರೂಪದಾಗ ಮತ್ತೇನೋ ತಿರುಗಿ ಬಂದೈತಿ. ಗೆಳೆಯಗ ಅದು ಗೊತ್ತೈತಿ, ಆದ್ರೂ ಬಿಡಾಕ ಆಗವಲ್ದು. ಆ ಹುಡುಗರು ಟೋಕಿಯೋ ಭಾಷೆ ಆಡೋದಿಲ್ಲ. ಮಿಯೆ ಪ್ರಾಂತದ ಹಳ್ಳಿ ಮಾತು ಅವರದು. ನಾ ಓದಿದ ಇಂಗ್ಲಿಷ್ ಸಾಲಿನಾಗ ಅದರ ವಾಸನೆ ಸುದ್ದಾ ಇರಲಿಲ್ಲ. ಇಲ್ಲಿ ನನಗ ಹೊಟ್ಟಿ ಉರೀತೈತಿ. ಜಪಾನಿನವರು ಹಳ್ಳಿ ಮಾತನ್ನ ಕಥಾನಾಯಕರಿಗೆ ಕೊಟ್ಟಾರ, ಭಯಕ್ಕ ಕೊಟ್ಟಾರ, ಅಳುವಿಗೆ ಕೊಟ್ಟಾರ. ನಮ್ಮ ಪಿಚ್ಚರಿನಾಗ ಉತ್ತರ ಕರ್ನಾಟಕದ ಮಾತು ಬಂದ್ರ ಅವ ಕಾಮಿಡಿ, ಇಲ್ಲಾ ರೌಡಿ.

ಸಂಗ್ಯಾ ಬಾಳ್ಯಾ ನಮ್ಮ ಬೈಲಹೊಂಗಲದ ಕಥಿ ಅಲ್ಲೇನು? ಇಬ್ಬರು ಗೆಳೆಯರು, ಪ್ರೀತಿ, ನಂಬಿಕಿ, ಮೋಸ, ಸಾವು. ಊರೂರಾಗ ಸಣ್ಣಾಟ ಆಡಿದ್ರು, ನಮ್ಮ ಅಜ್ಜಿಗೆ ಇನ್ನೂ ಅದರ ಮಾತು ಬಾಯಿಪಾಠ. ಇದೇ ಭಾಷೆಯಾಗ ಮಂದಿ ಅತ್ತಾರ. ಯೋಶಿಕಿ ಹಿಕಾರುಗೆ "ನೀ ಖರೇ ಹಿಕಾರು ಅಲ್ಲಲಾ" ಅಂತ ಸಣ್ಣ ದನಿಯಾಗ ನಮ್ಮ ಮಾತಿನಾಗ ಕೇಳೋದನ್ನ ಒಮ್ಮೆ ಕಣ್ಣು ಮುಚ್ಚಿ ಕೇಳಿಸ್ಕೋರಿ. ನಗು ಬರತೈತೇನು?

ಈಗ ಕೆಲಸ. ಆ್ಯಪಿನ ಸಹಾಯ ವಿಭಾಗಕ್ಕ ಹೋಗಿ ಕನ್ನಡ ಸಬ್‌ಟೈಟಲ್ ಬೇಕು ಅಂತ ಬರೀರಿ, ಮೊದಲು ಸಬ್, ಡಬ್ ಆಮ್ಯಾಲ. ಇಂಗ್ಲಿಷಿನಾಗ ಬರದ್ರೂ ನಡೀತೈತಿ. ಟೆಲಿಗ್ರಾಮ್ ಫೈಲಿಗೆ ಕೈ ಮುಗೀರಿ, ಅಲ್ಲಿ ನೋಡಿದವ ಯಾವ ಲೆಕ್ಕಕ್ಕೂ ಬರೋದಿಲ್ಲ.

ಮತ್ತ ಇಲ್ಲೇ ಕೆಳಗ, ಜೀನೋಸ್‌ನ ಭಾಷಣಕ್ಕ ಸೈತಾಮಾ ಬೈಯೋ ಆ ಒಂದು ಮಾತು ನಿಮ್ಮ ಊರಾಗ ಹೆಂಗಂತಾರೋ ಹಂಗ ಬರೀರಿ. ರಾಮದುರ್ಗದವ್ರದ್ದು ಬ್ಯಾರೆ ಇರತೈತಿ, ಸವದತ್ತಿಯವ್ರದ್ದು ಬ್ಯಾರೆ. ಕಿತ್ತೂರಿನವ್ರು ಜಗಳಾ ಮಾಡಬ್ಯಾಡ್ರಿ. ಇಪ್ಪತ್ತು ಶಬ್ದ ದಾಟಂಗಿಲ್ಲ. ಚಲೋ ಇದ್ದ ಹತ್ತು ಸಾಲು ರವಿವಾರ ಸ್ಟೋರಿಗೆ ಹಾಕತೀನಿ. ನನ್ನ ತಮ್ಮ ಜಡ್ಜ್.

#ಕನ್ನಡಸಬ್‌ಬೇಕು #ಅನಿಮೆಕನ್ನಡದಾಗ #ಬೈಲಹೊಂಗಲ #ಶೇಂಗಾಆನ್ಯಾ