ಒಂದು ಚುಕ್ಕೆಯ ಅಂತರ

‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಗೀಟು. ಆ ಗೀಟನ್ನು ಕಾಣದೆ ಓದಿದವನು ಪದವನ್ನು ಕೆಡಿಸುತ್ತಾನೆ; ಪದ ಕೆಟ್ಟರೆ ಪದ್ಯವೂ ಕೆಡುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳವುಳ್ಳ ಪದಗಳನ್ನು ಎಣಿಸಿ ಹೇಳಿದ್ದು ಏತಕ್ಕೆ? ಜನರ ನಾಲಗೆಯಲ್ಲಿ ರಳವೂ ಳಕಾರವೂ ಬೆರೆತುಹೋಗುತ್ತಿದ್ದವು. ಅಳಿಯುತ್ತಿದ್ದ ಭೇದವೊಂದನ್ನು ಆತ ಬರಹದಲ್ಲಿ ಉಳಿಸಿದ. ಹೋಲುವವುಗಳನ್ನು ಬೇರೆಬೇರೆಯೆಂದು ಅರಿಯುವುದು ಭಾಷೆಯನ್ನು ಕಲಿಸುವವರ ಮೊದಲ ಕಸುಬು. ಅದನ್ನು ನಮ್ಮ ಗುಡ್ಡಗಳ ಚಿಟ್ಟೆಗಳ ವಿಷಯದಲ್ಲಿಯೂ ನಡೆಸಬೇಕಾಗಿದೆ ಎಂಬುದು ಇಲ್ಲಿ ನನ್ನ ವಾದ. ಕನ್ನಡದ ಉಪನ್ಯಾಸಕನಿಗೆ ಕೀಟಗಳ ಗೊಡವೆ ಏಕೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಬೇಡುತ್ತೇನೆ.

ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಚಿತ್ರದುರ್ಗದ ಜೋಗಿಮಟ್ಟಿಯ ಇಳಿಜಾರುಗಳಲ್ಲಿ, ಹಿರಿಯೂರಿನ ಮಾರಿಕಣಿವೆಯ ಸುತ್ತಣ ಗುಡ್ಡಗಳಲ್ಲಿ, ಹೊಸದುರ್ಗ ಹೊಳಲ್ಕೆರೆಗಳ ಗೋಮಾಳಗಳಲ್ಲಿ ಚಿಕ್ಕ ಹಳದಿ ಚಿಟ್ಟೆಗಳು ನೆಲಕ್ಕೆ ತಗುಲಿಕೊಂಡಂತೆ ಹಾರಾಡುತ್ತವೆ. ವಿದ್ಯಾರ್ಥಿಗಳೊಡನೆ ಗುಡ್ಡ ಹತ್ತಿದಾಗ ‘ಇದು ಯಾವುದು?’ ಎಂದು ಕೇಳಿದರೆ ‘ಹಳದಿ ಚಿಟ್ಟೆ’ ಎಂಬ ಉತ್ತರ ಬರುತ್ತದೆ. ಆ ಉತ್ತರದೊಳಗೆ ಕಡಮೆಯೆಂದರೆ ಮೂರು ಜಾತಿಗಳು ಅಡಗಿವೆ. ಶಾಸ್ತ್ರಜ್ಞರು ಇವನ್ನು ಯೂರೀಮ ಎಂಬ ಒಂದೇ ಕುಲದಲ್ಲಿ ಇರಿಸಿ, ಹೆಕಾಬೆ, ಬ್ರಿಜಿಟ, ಲೇಟ ಎಂದು ಕರೆದಿದ್ದಾರೆ. ಹೆಕಾಬೆಯ ಮುಂದಿನ ರೆಕ್ಕೆಯ ಕಪ್ಪು ಅಂಚು ಒಳಮಗ್ಗುಲಲ್ಲಿ, ಬೆರಳಿಂದ ಒತ್ತಿ ಹಿಂದಕ್ಕೆ ತಳ್ಳಿದಂತೆ, ತಗ್ಗಾಗಿರುತ್ತದೆ. ಬ್ರಿಜಿಟದಲ್ಲಿ ಆ ತಗ್ಗಿಲ್ಲ. ಅಂಚು ಸಮನಾಗಿ ಇಳಿಯುತ್ತದೆ. ಲೇಟದ ರೆಕ್ಕೆಯ ತುದಿ, ಮುಖ್ಯವಾಗಿ ಬೇಸಗೆಯಲ್ಲಿ, ದುಂಡಾಗಿರದೆ ಕತ್ತರಿಸಿದಂತೆ ಮೂಲೆಗೊಂಡಿರುತ್ತದೆ. ಹಿಂದಿನ ರೆಕ್ಕೆಯ ಅಡಿಯಲ್ಲಿ ಮಾಸಲು ಕಂದುಗೆರೆಗಳು ಓಡುತ್ತವೆ. ಇವು ಕುಳಿತಾಗ ರೆಕ್ಕೆ ಮಡಿಚಿಕೊಳ್ಳುವುದರಿಂದ ಮೇಲಂಚು ಕಣ್ಣಿಗೆ ಬೀಳುವುದು ಹಾರುವಾಗ, ಇಲ್ಲವೆ ಬಿಸಿಲಿಗೆ ಎದುರಾಗಿ ಕುಳಿತಾಗ ಮಾತ್ರ. ಆದ್ದರಿಂದ ಕಾಯುವುದೇ ಇಲ್ಲಿ ಅರ್ಧ ವಿದ್ಯೆ.

ಹುಲ್ಲಿನಲ್ಲಿಯೇ ಕುಳಿತ ನೀಲಿ ಚಿಟ್ಟೆಗಳ ಕಥೆ ಇನ್ನೂ ಸೂಕ್ಷ್ಮವಾದುದು. ಮಡಿಚಿದ ರೆಕ್ಕೆ ಕಿರುಬೆರಳಿನ ಉಗುರಿಗಿಂತ ಬಹಳ ದೊಡ್ಡದಲ್ಲ. ಬೂದು ಬಣ್ಣದ ಮೇಲೆ ಕರಿಯ ಚುಕ್ಕೆಗಳು. ಒಂದು ಜಾತಿಯ ಮುಂದಿನ ರೆಕ್ಕೆಯ ಅಡಿಯಲ್ಲಿ, ಬುಡಕ್ಕೆ ಸಮೀಪವಾದ ನಡುಮನೆಯೊಳಗೆ, ಒಂಟಿ ಚುಕ್ಕೆಯೊಂದು ಇರುತ್ತದೆ. ಇನ್ನೊಂದರಲ್ಲಿ ಆ ಮನೆ ಬರಿದು. ಒಂದು ಚುಕ್ಕೆ ಇರುವುದು, ಇಲ್ಲದಿರುವುದು: ಇಷ್ಟರಿಂದಲೇ ಎರಡು ಕುಲಗಳು ಬೇರೆಯಾಗಿ ನಿಲ್ಲುತ್ತವೆ. ಎಕ್ಕದ ಗಿಡದ ಬಳಿ ಹಾರುವ ಕಿತ್ತಳೆ ಬಣ್ಣದ ಚಿಟ್ಟೆಯಂತೂ ಬೇಕೆಂದೇ ನಮ್ಮನ್ನು ಪರೀಕ್ಷಿಸುತ್ತದೆ. ಎಕ್ಕದ ಎಲೆ ತಿಂದು ಬೆಳೆದ ನಿಜವಾದ ಚಿಟ್ಟೆಯ ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಅದನ್ನು ಮುಟ್ಟವು. ಅದರ ವೇಷವನ್ನು ತೊಟ್ಟ ಮತ್ತೊಂದು ಜಾತಿಯ ಹೆಣ್ಣುಚಿಟ್ಟೆಯಲ್ಲಿ ಆ ವಿಷವಿಲ್ಲ. ಅದರ ಹುಳು ಗೋಣಿಸೊಪ್ಪಿನಂಥ ಗಿಡಗಳನ್ನು ತಿಂದು ಬೆಳೆದದ್ದು. ಅದರ ಗಂಡು ಈ ವೇಷ ತೊಡುವುದಿಲ್ಲ. ಕಪ್ಪು ಮೈಯಲ್ಲಿ ನೇರಿಳೆ ಅಂಚಿನ ಬಿಳಿಯ ಮಚ್ಚೆಗಳನ್ನು ಹೊತ್ತು ತಿರುಗುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಕರಿಚುಕ್ಕೆಗಳಿದ್ದರೆ ಎಕ್ಕದ ಚಿಟ್ಟೆ. ಮೇಲಂಚಿನ ಬಳಿ ಒಂದೇ ಇದ್ದರೆ ವೇಷಧಾರಿ. ಹಕ್ಕಿ ಎಣಿಸಲಾರದು ಎಂಬ ಭರವಸೆಯ ಮೇಲೆ ಅದರ ಜೀವ ನಿಂತಿದೆ. ಮನುಷ್ಯ ಎಣಿಸಬಲ್ಲ, ಎಣಿಸುವ ಮನಸ್ಸು ಬೇಕು.

ಬೇರೆಯಾದವು ಒಂದೇ ಎಂದು ತೋರುವುದು ಒಂದು ತೊಡಕಾದರೆ, ಒಂದೇ ಆದದ್ದು ಬೇರೆಯೆಂದು ತೋರುವುದು ಮತ್ತೊಂದು. ಮಳೆಗಾಲದ ಹೆಕಾಬೆಗೆ ಕಪ್ಪಂಚು ಅಗಲ. ಬೇಸಗೆಯಲ್ಲಿ ಅದೇ ಜಾತಿ ಕಿರಿದಾದ ಅಂಚನ್ನೂ ರೆಕ್ಕೆಯಡಿ ತುಕ್ಕಿನ ಬಣ್ಣದ ಕಲೆಗಳನ್ನೂ ಹೊತ್ತು ಬರುತ್ತದೆ. ಇಂಥಲ್ಲಿ ರೆಕ್ಕೆಯೊಂದನ್ನೇ ನಂಬಲಾಗದು. ಉತ್ತರ ಕನ್ನಡದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಡೇವಿಡ್‌ಸನ್, ಬೆಲ್, ಐಟ್ಕೆನ್ ಎಂಬ ಮೂವರು ಆ ಜಿಲ್ಲೆಯ ಚಿಟ್ಟೆಗಳನ್ನು ಕುರಿತು 1896ರಿಂದ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದರು. ಅವರ ಹಾದಿ ಸರಳವಾಗಿತ್ತು: ಹುಳುವನ್ನು ಹುಡುಕಿ, ಅದು ತಿನ್ನುವ ಎಲೆಯನ್ನು ಗುರುತಿಸಿ, ಸಾಕಿ, ಗೂಡಿನಿಂದ ಏನು ಹೊರಬರುತ್ತದೆಂದು ನೋಡುವುದು. ಚಿಟ್ಟೆಯ ವಿಳಾಸ ಗಿಡದಲ್ಲಿದೆ.

ಇನ್ನು ಹೆಸರಿನ ಮಾತು. ಹೆಕಾಬೆ ಟ್ರಾಯ್ ನಗರದ ರಾಣಿಯ ಹೆಸರು. 1758ರಲ್ಲಿ ಲಿನೇಯಸ್ ಇಟ್ಟದ್ದು. ಶಾಸ್ತ್ರಕ್ಕೆ ಅದು ಇರಲಿ. ಇಂಗ್ಲಿಷಿನವರು ಈ ಕುಲವನ್ನು ‘ಹುಲ್ಲಿನ ಹಳದಿ’ ಎಂದರು. ಅದನ್ನೇ ಭಾಷಾಂತರಿಸಿಕೊಂಡರೆ ಸಾಲದೆ? ಸಾಲದು. ಇವುಗಳ ಹುಳುಗಳು ಹುಲ್ಲನ್ನೇ ತಿನ್ನುವುದಿಲ್ಲ! ಹೆಕಾಬೆಯದು ತಗಚೆಯೇ ಮೊದಲಾದ ಹಲವು ಗಿಡಮರಗಳನ್ನು ತಿನ್ನುತ್ತದೆ. ಲೇಟದ ಹುಳುವಿಗೆ ಹುಲ್ಲಿನ ನಡುವೆ ನೆಲಕ್ಕೊರಗಿ ಬೆಳೆಯುವ, ಹಳದಿ ಹೂವಿನ ತಗಚೆಯ ಪುಟ್ಟ ಬಂಧುಗಳೇ ಬೇಕು. ನಮ್ಮ ರೈತರೂ ಕುರುಬರೂ ಗರಿಕೆ, ಬಾದೆ ಎಂದು ಹುಲ್ಲುಗಳನ್ನು ಬೇರೆಬೇರೆಯಾಗಿ ಕರೆದವರು; ರಾಗಿಯ ತಳಿಗಳನ್ನು, ಕುರಿಗಳ ಬಣ್ಣಗಳನ್ನು ಭೇದವರಿತು ಹೆಸರಿಸಿದವರು. ಕಂಡ ಗುರುತಿನಿಂದ, ಉಂಡ ಗಿಡದಿಂದ ಹೆಸರು ಹುಟ್ಟಿಸುವ ಆ ರೀತಿಯೇ ಕನ್ನಡಕ್ಕೆ ಸಹಜವಾದುದು.

ಹೆಸರಿಟ್ಟರೆ ಸೌಂದರ್ಯ ಸಾಯುತ್ತದೆಂದು ಕೆಲವರು ಸಹೃದಯರು ಹೇಳುವುದುಂಟು. ಛಂದಸ್ಸು ಬಲ್ಲವನಿಗೆ ಷಟ್ಪದಿಯ ಸವಿ ಕಡಮೆಯಾಯಿತೆ? ಇದಕ್ಕಿಂತ ಭಾರವಾದ ಆಕ್ಷೇಪವೆಂದರೆ, ಇದರಿಂದ ಯಾರಿಗೆ ಏನು ಪ್ರಯೋಜನ ಎಂಬುದು. ಹೆಕಾಬೆ ರಸ್ತೆಯ ಬದಿಯಲ್ಲಿ, ಮನೆಯ ತೋಟದಲ್ಲಿ ಎಲ್ಲಿಯಾದರೂ ಬದುಕಿಕೊಳ್ಳುತ್ತದೆ. ಗುಡ್ಡದ ಹುಲ್ಲಿಗೆ ನೀಲಗಿರಿಯನ್ನೋ ಅಕೇಷಿಯವನ್ನೋ ನೆಟ್ಟು ನೆರಳು ಕವಿಸಿದರೆ ನೆಲದ ಪುಟ್ಟ ಗಿಡ ಸಾಯುತ್ತದೆ. ಅದನ್ನೇ ನಂಬಿದ ಚಿಟ್ಟೆಯೂ ಹೋಗುತ್ತದೆ. ಆಗಲೂ ನಾವು ‘ಹಳದಿ ಚಿಟ್ಟೆ ಬೇಕಾದಷ್ಟಿದೆ’ ಎನ್ನುತ್ತಿರುತ್ತೇವೆ. ಬೇರೆಯೆಂದು ಅರಿಯದೆ ಇದ್ದದ್ದು ಇಲ್ಲವಾದರೆ, ಇಲ್ಲವಾಯಿತೆಂದು ಹೇಳುವವರೂ ಇರುವುದಿಲ್ಲ.

ನೆಲದ ವಿಷಯದಲ್ಲಿ ಈ ಮರವೆ ಈಗಾಗಲೇ ಫಲ ಕೊಟ್ಟಿದೆ. ಮರವಿಲ್ಲದ ಹುಲ್ಲುನೆಲವನ್ನೂ ಕೆಟ್ಟುಹೋದ ನೆಲವನ್ನೂ ‘ಬಂಜರು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದೇವೆ. ನಮ್ಮ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ದನಗಳು ಮೇಯ್ದ ಕಾವಲುಗಳ ಸುಮಾರು 10,000 ಎಕರೆ ಕಳೆದ ಕೆಲವು ದಶಕಗಳೊಳಗೆ ಸಂಶೋಧನೆ, ರಕ್ಷಣೆ ಮೊದಲಾದ ಕಾರ್ಯಗಳಿಗೆ ಹೋಯಿತು. ಆ ಕಾರ್ಯಗಳ ಅಗತ್ಯವನ್ನು ಅಳೆಯುವುದು ನನ್ನ ಕೆಲಸವಲ್ಲ. ಆದರೆ ಹುಲ್ಲುಗಾವಲಿಗೆ ಬಂಜರೆಂಬ ಹೆಸರಿದ್ದಷ್ಟು ಕಾಲ ಅದನ್ನು ಕೊಡುವ ಕೈ ನಡುಗುವುದಿಲ್ಲ ಎಂಬುದು ಭಾಷೆಯ ವಿಷಯ. ಅದು ನನ್ನ ಕೆಲಸ.

ನಾನು ಬೇಡುವುದು ದೊಡ್ಡದೇನೂ ಅಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡದ ಅಧ್ಯಾಪಕರೂ ಪ್ರಾಣಿಶಾಸ್ತ್ರದ ಅಧ್ಯಾಪಕರೂ ಕೂಡಿ ಒಂದೊಂದು ದಿನಚರಿ ಇಡಿಸಲಿ: ಕಂಡ ದಿನ ಮತ್ತು ಸ್ಥಳ, ಕಂಡ ಗುರುತು, ಕುಳಿತ ಗಿಡ, ಊರವರು ಹೇಳುವ ಮಾತು. ಹಿಡಿದು ಸೂಜಿ ಚುಚ್ಚಬೇಕಾಗಿಲ್ಲ. ಇಂದು ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲ್ ಫೋನಿನ ಚಿತ್ರವೇ ಸಾಕ್ಷಿ. ಅಡಿರೆಕ್ಕೆ ಕಾಣದ ಚಿತ್ರಕ್ಕೆ ಊಹೆಯ ಹೆಸರು ಬೇಡ. ಶಾಸನದಲ್ಲಿ ಅಕ್ಷರ ಅಳಿಸಿದ್ದಲ್ಲಿ ಸಂಪಾದಕರು ತೆರಪು ಬಿಟ್ಟು ಚುಕ್ಕೆಗಳನ್ನಿಡುವಂತೆ, ‘ಹಳದಿ; ಜಾತಿ ತಿಳಿಯದು’ ಎಂದು ಬರೆದರೆ ಅದೂ ಪಾಂಡಿತ್ಯವೇ. ಹತ್ತು ವರ್ಷ ಹೀಗೆ ನಡೆದರೆ ನಮ್ಮ ಗುಡ್ಡಗಳಿಗೆ ಒಂದು ಪದಕೋಶ ದೊರೆತೀತು. ಮುಂದೆ ಯಾರಾದರೂ ಈ ನೆಲದಲ್ಲಿ ಏನೂ ಇಲ್ಲವೆಂದು ಬರೆಯಹೊರಟಾಗ, ಏನೇನಿದೆ ಎಂಬುದನ್ನು ಹೆಸರು ಹಿಡಿದು ಹೇಳಬಲ್ಲವರು ಇರುತ್ತಾರೆ.