ಗಡಸು ದನಿಯ ಹುಡುಗಿ

ಮೂರು ಕರಡಿಗಳ ಮನೆಗೆ ನುಗ್ಗಿ ಗಂಜಿ ಕುಡಿದ ಗೋಲ್ಡಿಲಾಕ್ಸ್ ಕಥೆ ಮಕ್ಕಳಿಗೆಲ್ಲ ಗೊತ್ತು. ಅಪ್ಪ ಕರಡಿಯ ಗಂಜಿ ತುಂಬ ಬಿಸಿ, ಅಮ್ಮ ಕರಡಿಯದು ತಣ್ಣಗೆ, ಮರಿ ಕರಡಿಯದು ಹದ. ಆ ಹೊಂಗೂದಲ ಹುಡುಗಿಯ ದನಿ ಹೇಗಿರಬೇಕು ಎಂದು ಕೇಳಿದರೆ ನಾವು ಜೇನಿನ ಹಾಗೆ ಎನ್ನುತ್ತೇವೆ. ಆದರೆ 2022ರಲ್ಲಿ ಬಂದ ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ ಎಂಬ ಕಾರ್ಟೂನ್ ಚಿತ್ರದಲ್ಲಿ ಗೋಲ್ಡಿಲಾಕ್ಸ್ ಬಾಯಿ ತೆರೆದರೆ ಬರುವುದು ಲಂಡನ್ನಿನ ಬೀದಿಯ ಪುಂಡ ಮಾತು, ಕೊಂಚ ಗಡಸು ದನಿ. ಅದರಲ್ಲಿ ಅವಳು ಅನಾಥೆ. ಕರಡಿಗಳೇ ಸಾಕಿ ಬೆಳೆಸಿದ ಮಗಳು. ಅವಳೂ ಕರಡಿಗಳೂ ಸೇರಿ ಕಳ್ಳತನ ಮಾಡುತ್ತಾರೆ!

ಆ ದನಿ ಫ್ಲಾರೆನ್ಸ್ ಪ್ಯೂ ಎಂಬ ಇಂಗ್ಲಿಷ್ ನಟಿಯದು. ಇಂಗ್ಲಿಷಿನಲ್ಲಿ ಆ ಹೆಸರಿನ ಕೊನೆಗೆ ಜಿ ಮತ್ತು ಎಚ್ ಅಕ್ಷರಗಳಿವೆ, ಓದುವಾಗ ಮಾತ್ರ ಅವು ಬಾಯಿಗೆ ಬರುವುದಿಲ್ಲ. ಇಂಗ್ಲಿಷರ ಕಾಗುಣಿತವೇ ಹಾಗೆ, ನಾವೇನು ಮಾಡೋಣ? ಸಿನಿಮಾದವರ ವಿಷಯ ಈ ಅಂಕಣದಲ್ಲಿ ಏಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಸ್ವಲ್ಪ ತಾಳಿ, ಹುಬ್ಬಿನ ವಿಷಯವೂ ಮುಂದೆ ಬರುತ್ತದೆ.

ಫ್ಲಾರೆನ್ಸ್ ಹುಟ್ಟಿದ್ದು 1996ರ ಜನವರಿ 3ರಂದು, ಆಕ್ಸ್‌ಫರ್ಡಿನಲ್ಲಿ. ಅಪ್ಪ ಆ ಊರಿನಲ್ಲಿ ಕೆಫೆ, ಹೋಟೆಲು ನಡೆಸುವವರು. ಅಮ್ಮ ನರ್ತಕಿ, ನೃತ್ಯ ಕಲಿಸುವವರು. ಒಬ್ಬ ಅಣ್ಣ, ಒಬ್ಬ ಅಕ್ಕ, ಒಬ್ಬ ತಂಗಿ. ಅಣ್ಣ ಟೋಬಿ ಸೆಬಾಸ್ಟಿಯನ್ ಕೂಡ ನಟ, ಹಾಡುಗಾರ. ಮನೆ ತುಂಬ ಗದ್ದಲ, ಅಡುಗೆ, ಕುಣಿತ. ಈ ಮೂರನೆಯ ಮಗುವಿಗೆ ಮಾತ್ರ ಒಂದು ತೊಂದರೆ ಇತ್ತು. ಕೆಮ್ಮು. ಎಂಥ ಕೆಮ್ಮು ಎಂದರೆ ಮತ್ತೆ ಮತ್ತೆ ಆಸ್ಪತ್ರೆ ಸೇರಿಸಬೇಕಾಗುವಂಥದು.

ಮಕ್ಕಳೇ, ನಿಮ್ಮ ಕತ್ತಿನ ಮುಂಭಾಗವನ್ನು ಮೆಲ್ಲಗೆ ಬೆರಳಿನಿಂದ ಮುಟ್ಟಿ ನೋಡಿ. ಗಟ್ಟಿಯಾದ ಬಳೆ ಬಳೆಯಂತೆ ಏನೋ ಸಿಗುತ್ತದಲ್ಲ, ಅದೇ ಶ್ವಾಸನಾಳ. ಮೃದ್ವಸ್ಥಿಯ ಅರೆಬಳೆಗಳು ಒಂದರ ಕೆಳಗೊಂದು ಕುಳಿತು ಆ ಕೊಳವೆಯನ್ನು ಸದಾ ತೆರೆದಿಡುತ್ತವೆ. ಕೆಲವು ಮಕ್ಕಳಲ್ಲಿ ಈ ಬಳೆಗಳು ಸಾಕಷ್ಟು ಗಟ್ಟಿಯಾಗಿರುವುದಿಲ್ಲ. ಎಳನೀರು ಕುಡಿಯುವಾಗ ಜೋರಾಗಿ ಹೀರಿದರೆ ತೆಳು ಸ್ಟ್ರಾ ಚಪ್ಪಟೆಯಾಗುತ್ತದೆ ನೋಡಿ, ಹಾಗೆ ಉಸಿರು ಬಿಡುವಾಗ, ಕೆಮ್ಮುವಾಗ ಕೊಳವೆ ಒಳಕ್ಕೆ ಕುಸಿಯುತ್ತದೆ. ಇದಕ್ಕೆ ವೈದ್ಯರು ಇಟ್ಟ ಹೆಸರು ಟ್ರೇಕಿಯೋಮಲೇಶಿಯ. ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಸರಿಹೋಗುತ್ತದೆ, ಕೆಲವರಲ್ಲಿ ಉಳಿದುಕೊಳ್ಳುತ್ತದೆ. ಫ್ಲಾರೆನ್ಸ್‌ಗೆ ಮೂರು ವರ್ಷವಾದಾಗ, ಬೆಚ್ಚಗಿನ ಹವೆಯಲ್ಲಿ ಮಗು ಸುಧಾರಿಸೀತು ಎಂದು ಇಡೀ ಕುಟುಂಬ ಸ್ಪೇನಿನ ದಕ್ಷಿಣ ಕರಾವಳಿಯ ಸೊತೊಗ್ರಾಂದೆ ಎಂಬ ಊರಿಗೆ ಹೊರಟಿತು. ಒಂದು ಮಗುವಿನ ಕೆಮ್ಮಿಗಾಗಿ ದೇಶವನ್ನೇ ಬಿಟ್ಟು ಹೋಗುವುದೆಂದರೆ ಸಣ್ಣ ಮಾತಲ್ಲ. ಮೂರು ವರ್ಷ ಅಲ್ಲಿದ್ದು ಮತ್ತೆ ಆಕ್ಸ್‌ಫರ್ಡಿಗೆ ಬಂದರು.

ಆರರ ವಯಸ್ಸಿನಲ್ಲಿ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗೆ ಮೇರಿಯಮ್ಮನ ಪಾತ್ರ ಸಿಕ್ಕಿತು. ಅವಳು ಅದನ್ನು ಆಡಿದ್ದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಧಾಟಿಯಲ್ಲಂತೆ. ನಮ್ಮ ಶಾಲೆಯ ನಾಟಕದಲ್ಲಿ ಸೀತಮ್ಮ ಇದ್ದಕ್ಕಿದ್ದಂತೆ ಹುಬ್ಬಳ್ಳಿ ಮಾತು ಶುರು ಮಾಡಿದ ಹಾಗೆ! ಸಭೆ ನಗುತ್ತದೆ ಎಂದು ಆಗಲೇ ಅವಳಿಗೆ ಗೊತ್ತಾಗಿರಬೇಕು. ದೊಡ್ಡವಳಾದ ಮೇಲೆ ಗಿಟಾರ್ ಹಿಡಿದು, ಫ್ಲಾಸಿ ರೋಸ್ ಎಂಬ ಹೆಸರಿನಲ್ಲಿ ಹಾಡಿ ಯೂಟ್ಯೂಬಿಗೆ ಹಾಕುತ್ತಿದ್ದಳು. ನಟನೆಯ ಶಾಲೆಗೆ ಹೋದವಳಲ್ಲ. ಶಾಲೆಯಲ್ಲಿ ಓದುತ್ತಿದ್ದಾಗಲೇ ನಿರ್ದೇಶಕಿ ಕರೋಲ್ ಮಾರ್ಲಿಯವರ ‘ದಿ ಫಾಲಿಂಗ್’ ಚಿತ್ರಕ್ಕೆ ಆಯ್ಕೆಯಾದಳು. ಅದು 2014ರಲ್ಲಿ ಜನರೆದುರು ಬಂತು.

ಹತ್ತೊಂಬತ್ತಾದಾಗ ಅಮೆರಿಕದಿಂದ ಕರೆ ಬಂತು. ಲಾಸ್ ಏಂಜಲೀಸಿನಲ್ಲಿ ಒಂದು ಟಿ.ವಿ. ಧಾರಾವಾಹಿಯ ಮೊದಲ ಕಂತು. ಅಲ್ಲಿ ಪದ್ಧತಿ ಹೇಗೆಂದರೆ, ಮಾದರಿಗೆಂದು ಒಂದು ಕಂತು ತೆಗೆದು ತೋರಿಸುತ್ತಾರೆ. ವಾಹಿನಿಯವರು ಒಪ್ಪಿದರೆ ಮುಂದಿನದು, ಇಲ್ಲವಾದರೆ ಅಷ್ಟಕ್ಕೇ ಮುಗಿಯಿತು. ಕೆಲಸ ಸಿಕ್ಕಿತೆಂದು ಹಿಗ್ಗಿ ಹೋದವಳಿಗೆ ಅಲ್ಲಿ ಕಾದಿದ್ದು ಬೇರೆ. ತೂಕ ಇಳಿಸಬೇಕು. ಮುಖದ ಆಕಾರ ಹೀಗಿರಬಾರದು. ಹುಬ್ಬು ಹಾಗಿರಬಾರದು. ಪಾತ್ರಕ್ಕೆ ಆರಿಸಿದ್ದೂ ಅವರೇ, ಆರಿಸಿದ ಮೇಲೆ ಬೇರೆ ಯಾರೋ ಆಗು ಎಂದವರೂ ಅವರೇ. ಅಂಗಡಿಯಲ್ಲಿ ಹಲಸಿನ ಹಣ್ಣು ಕೊಂಡು ಮನೆಗೆ ತಂದು, ಇದರ ಮೈಮೇಲೆ ಮುಳ್ಳೇಕೆ ಎಂದು ಬೈದ ಹಾಗಾಯಿತು. ತಾನು ದೊಡ್ಡ ತಪ್ಪು ಮಾಡಿದೆ ಎಂದು ಆಗ ಅನಿಸಿತು ಎಂದು ಆಕೆ ಎಷ್ಟೋ ವರ್ಷದ ಮೇಲೆ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾಳೆ. ಧಾರಾವಾಹಿ ಮುಂದುವರಿಯಲಿಲ್ಲ. ಸಿನಿಮಾದ ಕನಸು ಇಲ್ಲಿಗೆ ಮುಗಿಯಿತು ಎಂದುಕೊಂಡು ಮನೆಗೆ ಮರಳಿದಳು.

ಈಗ ಹುಬ್ಬೇರಿಸಿದ ಹಿರಿಯರು ಒಂದು ಕ್ಷಣ ಯೋಚಿಸಬೇಕು. ಮಗು ಹುಟ್ಟಿದ ಹನ್ನೊಂದನೆಯ ದಿನದಿಂದಲೇ ಬಣ್ಣ ಯಾರದು, ಮೂಗು ಯಾರದು ಎಂದು ಲೆಕ್ಕ ಹಾಕುವವರು ನಾವು. ‘ಸ್ವಲ್ಪ ಸಣ್ಣಗಾಗಬೇಕು ಕಣೇ’ ಎಂದು ಹತ್ತು ವರ್ಷದ ಹುಡುಗಿಗೆ ಊಟದ ಎಲೆಯ ಮುಂದೆಯೇ ಹೇಳುತ್ತೇವೆ. ಲಾಸ್ ಏಂಜಲೀಸಿನ ಆ ಅಧಿಕಾರಿಗಳು ಅದನ್ನು ಸಂಬಳ ಪಡೆದು ಹೇಳಿದರು, ವ್ಯತ್ಯಾಸ ಅಷ್ಟೆ.

ಮನೆಗೆ ಬಂದು ಹೆಚ್ಚು ದಿನ ಕಳೆಯಲಿಲ್ಲ, ಇಂಗ್ಲೆಂಡಿನಲ್ಲೇ ಒಂದು ಸಣ್ಣ ಬಂಡವಾಳದ ಚಿತ್ರಕ್ಕೆ ಪಾತ್ರಪರೀಕ್ಷೆ ನಡೆಯಿತು. ಚಿತ್ರ ‘ಲೇಡಿ ಮ್ಯಾಕ್‌ಬೆತ್’. ಹೆಸರು ಕೇಳಿ ಷೇಕ್ಸ್‌ಪಿಯರ್ ಎಂದುಕೊಳ್ಳಬೇಡಿ. ರಷ್ಯದ ಲೇಖಕ ಲೆಸ್ಕೊವ್ ಬರೆದ ನೀಳ್ಗತೆಯನ್ನು ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ತಂದ ಕಥೆ ಇದು. ಮದುವೆ ಎಂಬ ಹೆಸರಿನಲ್ಲಿ ದೊಡ್ಡ ಮನೆಯೊಂದರಲ್ಲಿ ಕೂಡಿಹಾಕಲ್ಪಟ್ಟ ಹುಡುಗಿ ಏನೆಲ್ಲ ಮಾಡುತ್ತಾಳೆ ಎಂಬುದು ಕಥೆ. ಮಾಡುವುದೇನೂ ಒಳ್ಳೆಯ ಕೆಲಸವಲ್ಲ. ಆದ್ದರಿಂದ ಮಕ್ಕಳು ಇದನ್ನು ಇನ್ನೂ ಹತ್ತು ವರ್ಷ ಬಿಟ್ಟು ನೋಡಲಿ. ಆ ಪಾತ್ರಕ್ಕೆ 2017ರಲ್ಲಿ ಬ್ರಿಟನ್ನಿನ ಸ್ವತಂತ್ರ ಚಿತ್ರಗಳ ಪ್ರಶಸ್ತಿ ಸಮಾರಂಭದಲ್ಲಿ ಫ್ಲಾರೆನ್ಸ್ ಅತ್ಯುತ್ತಮ ನಟಿಯಾದಳು. ಮರುವರ್ಷ ಬಾಫ್ಟಾದವರ ಉದಯೋನ್ಮುಖ ತಾರೆಗಳ ಪಟ್ಟಿಯಲ್ಲಿ ಹೆಸರು ಬಂತು. ಸಿನಿಮಾದ ಮೇಲಿನ ಪ್ರೀತಿಯನ್ನು ತನಗೆ ಮರಳಿ ಕೊಟ್ಟದ್ದು ಇದೇ ಚಿತ್ರ ಎನ್ನುತ್ತಾಳೆ ಆಕೆ.

2019ನೇ ಇಸವಿಯಲ್ಲಿ ಅವಳ ಮೂರು ಚಿತ್ರಗಳು ಬಂದವು. ಒಂದರಲ್ಲಿ ನಾರಿಚ್ ಊರಿನ ಕುಸ್ತಿ ಕುಟುಂಬದ ಮಗಳು. ಅದಕ್ಕಾಗಿ ನಿಜವಾಗಿಯೂ ಪಟ್ಟು ಕಲಿತು, ಸಾವಿರಾರು ಜನ ಸೇರಿದ್ದ ಅಖಾಡದಲ್ಲಿ ಇಳಿದಳು. ಇನ್ನೊಂದು ‘ಮಿಡ್‌ಸೊಮ್ಮರ್’ ಎಂಬ ಭಯಾನಕ ಚಿತ್ರ. ಅದನ್ನು ಮಕ್ಕಳು ನೋಡುವಂತಿಲ್ಲ, ರಕ್ತದೊತ್ತಡವಿರುವ ಅಜ್ಜಂದಿರೂ ನೋಡುವಂತಿಲ್ಲ. ಮೂರನೆಯದು ‘ಲಿಟಲ್ ವಿಮೆನ್’. ನಾನು ನಿಧಾನವಾಗಿ ಹೇಳಬೇಕಾದದ್ದು ಇದರ ಬಗ್ಗೆ.

ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಬರೆದು ಪ್ರಕಟಿಸಿದ ಈ ಕಾದಂಬರಿಯನ್ನು ಅಜ್ಜಿಯರಲ್ಲಿ ಕೆಲವರು ಓದಿರಬಹುದು. ನಾಲ್ವರು ಅಕ್ಕತಂಗಿಯರು, ಯುದ್ಧಕ್ಕೆ ಹೋದ ತಂದೆ, ಮನೆಯಲ್ಲಿ ಬಡತನ. ಮೆಗ್, ಜೋ, ಬೆತ್, ಏಮಿ. ಓದಿದವರೆಲ್ಲ ಬರಹಗಾರ್ತಿ ಜೋಳನ್ನು ಪ್ರೀತಿಸುತ್ತಾರೆ, ಕಡೆಯವಳಾದ ಏಮಿಯನ್ನು ಬೈಯುತ್ತಾರೆ. ಕಾರಣವೂ ಇದೆ. ನಾಟಕಕ್ಕೆ ತನ್ನನ್ನು ಕರೆದೊಯ್ಯಲಿಲ್ಲ ಎಂಬ ಸಿಟ್ಟಿಗೆ ಅವಳು ಜೋ ಬರೆದಿಟ್ಟ ಪುಸ್ತಕವನ್ನೇ ಸುಟ್ಟುಬಿಡುತ್ತಾಳೆ. ಮೂಗು ಚೆನ್ನಾಗಿಲ್ಲ ಎಂದು ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡು ಮಲಗುವ ಹುಡುಗಿ ಅವಳು. ನಿರ್ದೇಶಕಿ ಗ್ರೇಟಾ ಗರ್ವಿಗ್ ಈ ಏಮಿಯ ಪಾತ್ರವನ್ನು ಫ್ಲಾರೆನ್ಸ್‌ಗೆ ಕೊಟ್ಟರು. ಬೆಂಚಿನ ಮೇಲೆ ಕುಳಿತ ಶಾಲಾ ಹುಡುಗಿಯೂ ಅವಳೇ, ಪ್ಯಾರಿಸ್ಸಿನಲ್ಲಿ ಚಿತ್ರ ಬರೆಯುವ ಯುವತಿಯೂ ಅವಳೇ.

ಪ್ಯಾರಿಸ್ಸಿನ ಆ ದೃಶ್ಯವೊಂದಿದೆ. ಹಣವಂತರ ಮನೆಯ ಲಾರಿ ಎಂಬ ಹುಡುಗ, ಹಣಕ್ಕಾಗಿ ಮದುವೆಯಾಗುವುದು ಸರಿಯೇ ಎಂಬಂತೆ ಅವಳನ್ನು ಚುಚ್ಚುತ್ತಾನೆ. ಏಮಿ ಅಳುವುದಿಲ್ಲ, ಕೂಗುವುದಿಲ್ಲ. ಲೆಕ್ಕ ಒಪ್ಪಿಸುತ್ತಾಳೆ. ಹೆಣ್ಣಾದ ತಾನು ದುಡಿದು ಸಂಸಾರ ಸಾಕುವಷ್ಟು ಸಂಪಾದಿಸುವ ದಾರಿ ಇಲ್ಲ. ತನ್ನದೆಂದು ಹಣವಿದ್ದರೂ ಮದುವೆಯ ಕ್ಷಣದಿಂದ ಅದು ಗಂಡನದು. ಮಕ್ಕಳೂ ಅವನ ಸ್ವತ್ತು. ಹೀಗಿರುವಾಗ ಮದುವೆ ವ್ಯವಹಾರವಲ್ಲ ಎಂದು ನನಗೆ ಹೇಳಬೇಡ, ನಿನಗೆ ಅಲ್ಲದಿರಬಹುದು, ನನಗೆ ಹೌದು ಎಂಬ ಅರ್ಥದ ಮಾತು. ಈ ಮಾತು ಚಿತ್ರದಲ್ಲಿ ಇರಲೇಬೇಕೆಂದು ಸೂಚಿಸಿದವರು, ಅದರಲ್ಲಿ ಸಿರಿವಂತ ಅತ್ತೆಯ ಪಾತ್ರ ಮಾಡಿದ ಹಿರಿಯ ನಟಿ ಮೆರಿಲ್ ಸ್ಟ್ರೀಪ್. ಫ್ಲಾರೆನ್ಸ್ ಆ ಗಡಸು ದನಿಯಲ್ಲಿ, ಮುಖ ಗಂಟಿಕ್ಕದೆ, ಬಾಕಿ ಓದಿದ ಹಾಗೆ ಅದನ್ನು ಹೇಳುತ್ತಾಳೆ. ನೂರೈವತ್ತು ವರ್ಷ ಬೈಸಿಕೊಂಡ ಏಮಿಯ ಮೇಲೆ ಆಮೇಲೆ ಸಿಟ್ಟು ಉಳಿಯುವುದು ಕಷ್ಟ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇಂಥ ಕಡೆ ಕಿವಿ ನೆಟ್ಟಗಾಗುತ್ತದೆ. ಏಮಿಯ ಮಾತು ಬರಿಯ ಸಿನಿಮಾ ಮಾತಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ದುಡಿಮೆ, ಆಸ್ತಿಗಳನ್ನು ತನ್ನದೆಂದು ಇಟ್ಟುಕೊಳ್ಳಲು 1870 ಮತ್ತು 1882ರ ಕಾಯಿದೆಗಳು ಬರಬೇಕಾಯಿತು. ನಮ್ಮ ದೇಶದಲ್ಲೂ 1874ರ ಒಂದು ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಪಾಲಿಸಿ ಬರೆಸಿದರೆ ಗಂಡನ ಜೀವವಿಮೆಯ ಹಣ ಹೆಂಡತಿ ಮಕ್ಕಳಿಗೇ ಮೀಸಲು, ಸಾಲಗಾರರು ಅದಕ್ಕೆ ಕೈಹಾಕುವಂತಿಲ್ಲ. ಅಜ್ಜಂದಿರು ತಮ್ಮ ಮಕ್ಕಳಿಗೆ ಇದನ್ನು ಹೇಳಿ.

ಈ ಪಾತ್ರಕ್ಕಾಗಿ 2020ರಲ್ಲಿ ಫ್ಲಾರೆನ್ಸ್ ಹೆಸರು ಪೋಷಕ ನಟಿಯ ಆಸ್ಕರ್ ಪಟ್ಟಿಗೆ ಹೋಯಿತು. ಬಹುಮಾನ ಬರಲಿಲ್ಲ. ಬಂದದ್ದು ಲಾರಾ ಡರ್ನ್ ಅವರಿಗೆ, ಬೇರೆ ಚಿತ್ರಕ್ಕಾಗಿ. ‘ಲಿಟಲ್ ವಿಮೆನ್’ನಲ್ಲಿ ಏಮಿಯ ಅಮ್ಮನಾಗಿದ್ದವರು ಅವರೇ! ಅದೇ ಪಟ್ಟಿಯಲ್ಲಿದ್ದ ಸ್ಕಾರ್ಲೆಟ್ ಜೊಹಾನ್ಸನ್, ಮುಂದಿನ ವರ್ಷ ತೆರೆಗೆ ಬಂದ ‘ಬ್ಲ್ಯಾಕ್ ವಿಡೋ’ದಲ್ಲಿ ಅಕ್ಕ, ಇವಳು ತಂಗಿ ಯೆಲೀನಾ. ಮಕ್ಕಳಲ್ಲಿ ಬಹಳ ಜನಕ್ಕೆ ಈಕೆ ಯೆಲೀನಾ ಎಂದೇ ಪರಿಚಯ.

ಇನ್ನು ಮನೆಯ ಮಾತು. 2020ರಲ್ಲಿ, ತನಗಿಂತ 21 ವರ್ಷ ದೊಡ್ಡವನಾದ ನಟ, ನಿರ್ದೇಶಕ ಜ್ಯಾಕ್ ಬ್ರಾಫ್ ಎಂಬಾತನ ಹುಟ್ಟುಹಬ್ಬಕ್ಕೆ ಶುಭ ಕೋರಿ ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿದಳು. ಅವರಿಬ್ಬರ ಸ್ನೇಹ ಒಪ್ಪದ ಅಪರಿಚಿತರು ಬೈಗುಳದ ಮಳೆ ಸುರಿಸಿದರು. ಮರೆಯಲ್ಲಿ ಅತ್ತು ಸುಮ್ಮನಾಗಲಿಲ್ಲ ಅವಳು. ಕ್ಯಾಮೆರಾ ಮುಂದೆ ಕುಳಿತು, ಹದಿನೇಳರಿಂದ ದುಡಿಯುತ್ತಿದ್ದೇನೆ, ಈಗ ಇಪ್ಪತ್ತನಾಲ್ಕು, ಯಾರನ್ನು ಪ್ರೀತಿಸಬೇಕೆಂದು ನೀವು ಹೇಳಬೇಕಾಗಿಲ್ಲ ಎಂಬರ್ಥದಲ್ಲಿ ನೇರವಾಗಿ ಹೇಳಿದಳು. ನಮ್ಮ ಮನೆಯ ಹುಡುಗಿ ಅಂಥವನನ್ನು ಕರೆತಂದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆನೇನೋ. ಆದರೆ ಅದು ಮನೆಯವರು ಮುಖ ನೋಡಿ ಆಡುವ ಮಾತು, ಮುಖವಿಲ್ಲದವರು ಕಲ್ಲೆಸೆದ ಹಾಗೆ ಎಸೆಯುವುದಲ್ಲ. ಎರಡು ವರ್ಷದ ನಂತರ ಅವರಿಬ್ಬರೂ ಸದ್ದಿಲ್ಲದೆ ಬೇರೆಯಾದರು. ಆದರೂ ಅವನು ನಿರ್ದೇಶಿಸಿದ ‘ಎ ಗುಡ್ ಪರ್ಸನ್’ ಚಿತ್ರದಲ್ಲಿ ಅವಳದೇ ಮುಖ್ಯ ಪಾತ್ರ, ಅವಳೇ ಬರೆದು ಹಾಡಿದ ಎರಡು ಹಾಡೂ ಇವೆ.

2022ರ ವೆನಿಸ್ ಚಿತ್ರೋತ್ಸವದಲ್ಲಿ ಅವಳ ಒಂದು ಚಿತ್ರದ ಸುತ್ತ ನೂರೆಂಟು ಗಾಳಿಮಾತು ಹಬ್ಬಿತ್ತು. ಯಾರಿಗೆ ಯಾರ ಮೇಲೆ ಮುನಿಸು ಎಂದು ಫೋಟೋದವರೆಲ್ಲ ಕಾಯುತ್ತಿದ್ದರು. ಫ್ಲಾರೆನ್ಸ್ ಕೆಂಪು ಹಾಸಿನ ಮೇಲೆ ತನ್ನ ಅಜ್ಜಿಯನ್ನು ಕರೆತಂದಳು. ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡಳು. ನನ್ನ ಮಟ್ಟಿಗೆ ಆ ಉತ್ಸವದ ಸುದ್ದಿ ಅಷ್ಟೆ. ಮರುವರ್ಷ ಜುಲೈ 13ರಂದು ಲಂಡನ್ನಿನಲ್ಲಿ ‘ಓಪನ್‌ಹೈಮರ್’ ಚಿತ್ರದ ಮೊದಲ ಪ್ರದರ್ಶನ. ಅಮೆರಿಕದ ನಟರ ಸಂಘದ ಮುಷ್ಕರ ಶುರುವಾಗುವುದಿತ್ತು. ಚಿತ್ರ ತೋರಿಸುವ ಮೊದಲೇ ನಟರೆಲ್ಲ ಎದ್ದು ಹೊರಟರು, ಫ್ಲಾರೆನ್ಸ್ ಕೂಡ. ನಮ್ಮ ಸಂಘದ ಮುಷ್ಕರದ ದಿನಗಳಲ್ಲಿ ನಾವೂ ಪೆನ್ನಿನ ಮುಚ್ಚಳ ಹಾಕಿ ಎದ್ದು ಬಂದವರೇ. ಓದಿ ಖುಷಿಯಾಯಿತು.

ಹುಬ್ಬಿನ ಮಾತು ಮುಗಿದಿಲ್ಲ. 2024ರ ‘ವೀ ಲಿವ್ ಇನ್ ಟೈಮ್’ ಚಿತ್ರದಲ್ಲಿ ಅವಳು ಕ್ಯಾನ್ಸರ್ ತಗುಲಿದ ಬಾಣಸಿಗಳು. ಹೋಟೆಲಿನವರ ಮಗಳಿಗೆ ಸೌಟು ಹಿಡಿಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಲಾಕ್‌ಡೌನಿನಲ್ಲಿ ತನ್ನ ಅಡುಗೆಮನೆಯಿಂದಲೇ ಅಡುಗೆಯ ವಿಡಿಯೋ ಮಾಡಿ ಹಾಕುತ್ತಿದ್ದವಳು ಅವಳು. ಆದರೆ ಆ ಪಾತ್ರದ ತಲೆ ಬೋಳಾಗಬೇಕಿತ್ತು. ಅಂಟಿಸುವ ಬೋಳು ಟೋಪಿ ಅವಳು ಹಾಕಿಕೊಳ್ಳಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಸಹನಟ ಆಂಡ್ರ್ಯೂ ಗಾರ್‌ಫೀಲ್ಡ್ ಯಂತ್ರ ಹಿಡಿದು ಅವಳ ತಲೆಗೂದಲನ್ನು ನಿಜವಾಗಿ ಬೋಳಿಸಿದ. ಕೈ ತಪ್ಪಿದರೆ ಮತ್ತೊಮ್ಮೆ ತೆಗೆಯುವ ಹಾಗಿಲ್ಲ! ಅದೇ ಬೋಳು ತಲೆಯಲ್ಲಿ ಆಕೆ ನ್ಯೂಯಾರ್ಕಿನ ದೊಡ್ಡ ಫ್ಯಾಷನ್ ಸಮಾರಂಭಕ್ಕೂ ಹೋಗಿ ನಿಂತಳು. ಹುಬ್ಬು ತಿದ್ದಿಕೋ ಎಂದಾಗ ನೊಂದ ಹುಡುಗಿ, ತನ್ನ ಪಾತ್ರಕ್ಕೆಂದು ತಾನೇ ಒಪ್ಪಿ ಇಡೀ ತಲೆ ಕೊಟ್ಟಳು. 2025ರಲ್ಲಿ ಬಂದ ‘ಥಂಡರ್‌ಬೋಲ್ಟ್ಸ್’ ಚಿತ್ರಕ್ಕೆ ಕ್ವಾಲಾಲಂಪುರದ 118 ಅಂತಸ್ತಿನ ಮೆರ್ಡೇಕಾ ಕಟ್ಟಡದ ಮೇಲಿಂದ ಹಗ್ಗ ಕಟ್ಟಿಕೊಂಡು ತಾನೇ ಹಾರಿದಳು. ಬೇಡ ಎಂದವರನ್ನು ಪಟ್ಟು ಹಿಡಿದು ಒಪ್ಪಿಸಿದ್ದೂ ಅವಳೇ. ವಿಮೆಯವರ ಮುಖ ಹೇಗಾಗಿತ್ತೋ!

ರಜೆಯಲ್ಲಿ ಎಲ್ಲರೂ ಕೂಡಿ ನೋಡುವುದಾದರೆ ‘ಲಿಟಲ್ ವಿಮೆನ್’ ಹಾಕಿಕೊಳ್ಳಿ. ಕಥೆ ಹಿಂದುಮುಂದಾಗಿ ಓಡುವುದರಿಂದ ಮೊದಲ ಕಾಲು ಗಂಟೆ ಅಜ್ಜಿಯರು ಮೊಮ್ಮಕ್ಕಳನ್ನು ಕೇಳಿ ತಿಳಿದುಕೊಳ್ಳಬೇಕಾದೀತು. ಚಿಕ್ಕವರಿಗೆ ‘ಪುಸ್ ಇನ್ ಬೂಟ್ಸ್’ ಸರಿ. ಅದರಲ್ಲಿ ಸಿಳ್ಳೆ ಹಾಕುತ್ತಾ ಬರುವ ತೋಳವೊಂದಿದೆ, ಅದು ಬಂದಾಗ ಪುಟ್ಟ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತುಕೊಳ್ಳಿ.